ಗಂಟು ಹಾಕದ ದಾರ

ಹಿರಿಯ ನರ್ಸ್ ಬೀಗ ತೆಗೆದ ಮೇಲೆ ಆಸ್ಪತ್ರೆಯ ಅಭ್ಯಾಸದ ಕೋಣೆಯ ಬಾಗಿಲು ತಳ್ಳಿದ ಯುವ ಡಾಕ್ಟರ್ ಹೊಸ್ತಿಲಲ್ಲೇ ನಿಂತಳು.

ಸರ್ಜನ್‌ಗಳು ಹೊಲಿಗೆ ಕಲಿಯಲೆಂದು ಮೇಜಿನ ಮೇಲೆ ಇಟ್ಟಿದ್ದ ರಬ್ಬರ್ ಕರುಳಿಗೆ ಯಾರೋ ಮತ್ತೆ ಹೊಲಿಗೆ ಹಾಕಿದ್ದರು. ಫ್ಯಾನ್ ನಿಂತಿತ್ತು, ಕಿಟಕಿ ಮುಚ್ಚಿತ್ತು. ಆದರೂ ಗಂಟು ಹಾಕದ ದಾರದ ಎರಡು ತುದಿಗಳು ಮೆಲ್ಲಗೆ ಅಲ್ಲಾಡುತ್ತಿದ್ದವು...

"ಸಿಸ್ಟರ್, ಇಲ್ಲಿಗೆ ಯಾರು ಬಂದಿದ್ರು?"

"ಬೀಗದ ಕೈ ನನ್ನ ಹತ್ರಾನೇ ಇದೆ ಡಾಕ್ಟ್ರೇ," ಎಂದರು ಹಿರಿಯ ನರ್ಸ್. "ಗಾಳಿ ಬಂದು ಹೊಲಿಗೆ ಹಾಕುತ್ತಾ?" ಎನ್ನುತ್ತ ವಾರ್ಡಿಗೆ ಹೊರಟರು.

ಅದು ಸುತ್ತುಹೊಲಿಗೆ. ಚೀಲದ ಬಾಯಿಗೆ ದಾರ ಪೋಣಿಸಿದ ಹಾಗೆ ತೂತಿನ ಸುತ್ತ ಹೊಲಿದು ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಒಬ್ಬರು ದಾರ ಎಳೆಯುವಾಗ, ಹೊರಗೆ ಚಾಚಿದ, ಕತ್ತರಿಸಿದ ಕರುಳಿನ ಮೊಂಡು ತುದಿಯನ್ನು ಫೋರ್ಸೆಪ್ಸ್ ಎಂಬ ಚಿಮಟದಿಂದ ಒಳಗೆ ಒತ್ತಿ ಹಿಡಿಯಲು ಎದುರಿಗೆ ಇನ್ನೊಬ್ಬರು ಬೇಕು.

ಈ ಹೊಲಿಗೆ ಎಡಗೈಯದು. ಇಡೀ ಆಸ್ಪತ್ರೆಯಲ್ಲಿ ಎಡಗೈಯಲ್ಲಿ ಹೊಲಿಯುವ ಸರ್ಜನ್ ಒಬ್ಬನೇ. ಎಲ್ಲರೂ ಅವನನ್ನು ಎಡಚ ಎಂದೇ ಕರೆಯುತ್ತಿದ್ದರು. ಆಪರೇಷನ್ ಮಾಡುವಾಗ ಅವನ ಎದುರು ನಿಲ್ಲುತ್ತಿದ್ದವಳು ಇವಳೇ.

ಆದರೆ ಎಡಚ ಈಗ ಹಲವು ದಿನಗಳಿಂದ ಮೇಲಿನ ಮಹಡಿಯಲ್ಲಿ, ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು, ಪ್ರಜ್ಞೆಯಿಲ್ಲದೆ ಮಲಗಿದ್ದ.

ಯಾರೋ ಅವನ ಕೈಯನ್ನು ಅನುಕರಿಸಿ ತನ್ನನ್ನು ಕೆಣಕುತ್ತಿದ್ದಾರೆಂದು ಇಷ್ಟು ದಿನ, ಡ್ಯೂಟಿಗೆ ಬಂದ ಕೂಡಲೇ, ಆ ದಾರವನ್ನು ಕತ್ತರಿಸಿ ಎಸೆಯುತ್ತಿದ್ದಳು. ಅವನ ಮೇಲೂ ಸಿಟ್ಟಿತ್ತು. ಅಪಘಾತವಾದ ದಿನ ಬೆಳಿಗ್ಗೆ ಅವನು ದೊಡ್ಡ ಡಾಕ್ಟರಿಗೆ, "ನನ್ನ ಆಪರೇಷನ್ ಟೇಬಲ್‌ಗೆ ಇವಳು ಬೇಡ, ಬೇರೆ ಯಾರನ್ನಾದ್ರೂ ಹಾಕಿ" ಎಂದದ್ದನ್ನು ಅವಳು ಬಾಗಿಲಾಚೆ ನಿಂತು ಕೇಳಿದ್ದಳು.

'ಹಾಗಾದರೆ ಪ್ರೀತಿಸಿದ್ದು ನಾನೊಬ್ಬಳೇನಾ?'

ಇವತ್ತೂ ಕತ್ತರಿ ಎತ್ತಿಕೊಂಡಳು. ಅಷ್ಟರಲ್ಲಿ ಅವನ ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡರು. ಅತ್ತು ಅತ್ತು ಮುಖ ಊದಿತ್ತು.

"ಡಾಕ್ಟ್ರೆಲ್ಲ ಕೈಚೆಲ್ಲಿದ್ರು ಕಣಮ್ಮ. ಮಧ್ಯಾಹ್ನ ಮನೆಗೆ ಕರ್ಕೊಂಡು ಹೋಗ್ತೀವಿ. ಒಂದ್ಸಲ ನೋಡ್ಕೊಂಡು ಹೋಗು ಬಾ." ಕಣ್ಣೊರೆಸಿಕೊಂಡರು. "ವಿಚಿತ್ರ ನೋಡು, ದಿನಾ ಬೆಳಿಗ್ಗೆ ಎಡಗೈ ಬೆರಳು ಆಡಿಸ್ತಾನೆ. ನೀನು ಡ್ಯೂಟಿಗೆ ಬರೋ ಹೊತ್ತಿಗೆ ನಿಂತುಹೋಗುತ್ತೆ. ಯಾರೋ ಕತ್ತರಿಸಿದ ಹಾಗೆ..."

ಕತ್ತರಿ ಅವಳ ಕೈಯಿಂದ ಜಾರಿ ಬಿತ್ತು.

'ಅಯ್ಯೋ... ದಿನಾ ಕತ್ತರಿಸಿದ್ದು ನಾನೇ...'

"ಅಕ್ಕಾ, ನೀವು ಅವರ ಹತ್ರ ಕೂತಿರಿ. ಈಗ ಬಂದೆ."

ಅಕ್ಕ ಹೋದ ಮೇಲೆ ಫೋರ್ಸೆಪ್ಸ್ ಹಿಡಿದು ತನ್ನ ಎಂದಿನ ಜಾಗದಲ್ಲಿ ನಿಂತಳು. ಮೇಜಿನ ಆಚೆ ಯಾರೂ ಇರಲಿಲ್ಲ. ಆದರೂ ಅಲ್ಲಿಂದ ಕೈ ತೊಳೆದ ಸೋಪಿನ ವಾಸನೆ, ಯಾರೋ ಉಸಿರಾಡುವ ಸದ್ದು... ಹೆದರುತ್ತಲೇ ಮೊಂಡು ತುದಿಯನ್ನು ಒಳಗೆ ಒತ್ತಿದಳು.

"ಎಳೀರಿ," ಎಂದು ಪಿಸುಗುಟ್ಟಿದಳು. "ನಾನು ಹಿಡ್ಕೊಂಡಿದ್ದೀನಿ."

ದಾರದ ತುದಿಗಳು ಮೇಲೆದ್ದವು. ತಾವಾಗಿಯೇ ಬಿಗಿದವು. ತೂತಿನ ಬಾಯಿ ನೆರಿಗೆ ನೆರಿಗೆಯಾಗಿ ಮುಚ್ಚಿಕೊಳ್ಳುತ್ತ ಬಂತು. ಅವಳು ಸರಿಯಾದ ಕ್ಷಣಕ್ಕೆ ಫೋರ್ಸೆಪ್ಸ್ ಹೊರಗೆಳೆದಳು. ಗಂಟು ಬಿತ್ತು.

ಮಹಡಿಯ ಮೇಲಿಂದ ಅಕ್ಕ ಕೂಗಿದ್ದು ಕೇಳಿಸಿತು.

ಅವಳು ಎದ್ದೂಬಿದ್ದೂ ಮೆಟ್ಟಿಲು ಹತ್ತಿದಳು. ಅವನು ಕಣ್ಣು ಬಿಟ್ಟಿದ್ದ. ತುಟಿ ಒಣಗಿತ್ತು.

"ಎಷ್ಟು... ಕಾಯಿಸ್ತೀಯಾ ನೀನು?"

ಅಳು, ನಗು, ಸಿಟ್ಟು ಎಲ್ಲ ಒಟ್ಟಿಗೇ ಬಂತು. "ಇವಳು ಬೇಡ ಅಂದಿದ್ದು ನೀವೇ ಅಲ್ವಾ?"

"ನೀನು ಎದುರಿಗೆ ನಿಂತ್ರೆ ಕೈ ನಡುಗ್ತಿತ್ತು," ಎಂದ ನಿಧಾನವಾಗಿ. "ನಡುಗೋ ಕೈಲಿ ರೋಗಿ ಹೊಟ್ಟೆ ಮುಟ್ಟಬಾರ್ದಲ್ಲ... ಅವತ್ತು ಸಂಜೆ ಅದನ್ನೇ ಹೇಳೋಕೆ ನಿಮ್ಮನೆಗೆ ಬರ್ತಿದ್ದೆ. ನಿನ್ನನ್ನ ಪ್ರೀತಿಸ್ತೀನಿ ಅಂತ."

ಅವಳು ಅವನ ಎಡಗೈಯನ್ನು ಎತ್ತಿಕೊಂಡಳು. ತೋರುಬೆರಳಿನ ಮೇಲೆ ದಾರ ಎಳೆದ ಗೀರು, ಈಗಷ್ಟೇ ಆದಂತೆ ಕೆಂಪಗಿತ್ತು. ಅದನ್ನು ತನ್ನ ಅಂಗೈಯಲ್ಲಿ ಮುಚ್ಚಿಟ್ಟುಕೊಂಡಳು.

"ಈಗಲೂ ನಡುಗ್ತಾ ಇದೆ," ಎಂದಳು.

"ನಡುಗ್ಲಿ ಬಿಡು. ನೀನು ಹಿಡ್ಕೊಂಡಿದ್ದೀಯಲ್ಲ."