ಅರವತ್ತೊಂದನೆಯ ಅಂಗಡಿ

"ನಿಮ್ಮ ಅಂಗಡಿ ಅರವತ್ತೊಂದನೇದು."

ಒಳಗೆ ಕಾಲಿಟ್ಟು ಒಂದು ನಿಮಿಷವೂ ಆಗಿರಲಿಲ್ಲ, ಆ ಉದ್ದನೆಯ ಮನುಷ್ಯ ಹೀಗೆಂದುಬಿಟ್ಟ!

ಬಿಚ್ಚಿಟ್ಟ ಹೊಲಿಗೆ ಯಂತ್ರದ ಹೊಟ್ಟೆಯಿಂದ ಅವಳು ಕೈ ಹೊರತೆಗೆದಳು. ಬೆರಳೆಲ್ಲ ಎಣ್ಣೆ. ಮುಖವೆಲ್ಲ ಸಿಟ್ಟು.

"ಏನಂದ್ರಿ?"

"ಹೊಲಿಗೆ ಯಂತ್ರ ರಿಪೇರಿ ಅಂತ ಈ ಊರಲ್ಲಿ ಯಾರಾದ್ರೂ ಹುಡುಕಿದ್ರೆ ನಿಮ್ಮ ವೆಬ್‌ಸೈಟ್ ಅರವತ್ತೊಂದನೇ ಜಾಗದಲ್ಲಿ ಬರುತ್ತೆ. ಅಂದ್ರೆ ಏಳನೇ ಪುಟ. ಅಷ್ಟು ದೂರ ಯಾರೂ ಬರಲ್ಲ."

"ಸುಳ್ಳು! ನಮ್ಮದೇ ಮೊದಲನೇದು. ದಿನಾ ನೋಡ್ತೀನಿ ನಾನು!"

ಅವಳು ಕೈ ಒರೆಸಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ ತನ್ನ ಫೋನು ತೆಗೆದಳು. ಒತ್ತಿದಳು. ಮೊದಲನೆಯದೇ! ಅದನ್ನು ಅವನ ಮೂಗಿಗೆ ತಾಗುವಂತೆ ಹಿಡಿದಳು.

ಅವನು ನಕ್ಕ. ಆ ನಗು ನೋಡಿ ಅವಳ ಮೈ ಇನ್ನಷ್ಟು ಉರಿಯಿತು.

"ದಿನಾ ನೋಡ್ತೀರಲ್ಲ, ಅದೇ ತೊಂದರೆ. ಬೆಳಗಾದ್ರೆ ನಿಮ್ಮ ಅಂಗಡೀನೇ ಹುಡುಕಿ, ಅದನ್ನೇ ಒತ್ತುತ್ತೀರಿ. ಇವರಿಗೆ ಬೇಕಾಗಿರೋದು ಇದೇ ಅಂತ ಫೋನು ಕಲಿತುಬಿಟ್ಟಿದೆ. ನಿಮಗೊಬ್ಬರಿಗೆ ಮಾತ್ರ ಹೀಗೆ ತೋರಿಸುತ್ತೆ. ಬೇಕಾದ್ರೆ ನನ್ನ ಫೋನಲ್ಲಿ ನೋಡಿ."

ಅವಳು ನೋಡಿದಳು. ಮುಖ್ಯ ರಸ್ತೆಯ ದೊಡ್ಡ ಶೋರೂಮ್ ಎಲ್ಲಕ್ಕಿಂತ ಮೇಲೆ. ಆಮೇಲೆ ಫ್ಯಾನ್ ರಿಪೇರಿಯವರು, ಮಿಕ್ಸರ್ ರಿಪೇರಿಯವರು... ಮುಚ್ಚಿ ಮೂರು ವರ್ಷವಾದ ಅಂಗಡಿಯೊಂದು ಕೂಡ ಅವಳಿಗಿಂತ ಮೇಲಿತ್ತು! ಬೆರಳಿನಿಂದ ಉಜ್ಜಿ ಉಜ್ಜಿ ಏಳನೇ ಪುಟಕ್ಕೆ ಹೋದಾಗ ಕೊನೆಗೊಮ್ಮೆ ತಮ್ಮ ಅಂಗಡಿ ಸಿಕ್ಕಿತು.

ಇಷ್ಟು ದಿನ ನನಗೆ ನಾನೇ ಶಹಬ್ಬಾಸ್ ಹೇಳಿಕೊಳ್ಳುತ್ತಿದ್ದೆನಾ?

ಒಳಗಿನ ಕೋಣೆಯಿಂದ ಅಪ್ಪನ ನಗು ಕೇಳಿಸಿತು. "ನಾನೇ ಕರೆಸಿದ್ದು ಕಣೇ ಚೂಟಿ. ವೆಬ್‌ಸೈಟನ್ನ ಮೇಲಕ್ಕೆ ಹತ್ತಿಸೋದೇ ಇವನ ಕೆಲಸವಂತೆ. ನೋಡು, ಆಳೂ ಏಣಿ ಇದ್ದ ಹಾಗಿದ್ದಾನೆ!"

ಅಂದಿನಿಂದ ಅವನಿಗೆ ಏಣಿ ಎಂಬ ಹೆಸರೇ ಗಟ್ಟಿಯಾಯಿತು.

ನಗುವಿನ ಹಿಂದೆ ಅಪ್ಪನ ಸಂಕಟವೂ ಇತ್ತು. ಅವರ ಕೈ ನಡುಗತೊಡಗಿ ವರ್ಷವಾಗಿತ್ತು. ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಫೋನಿನ ಕವರ್ ಮಾರುವವರೊಬ್ಬರಿಗೆ ಅಂಗಡಿ ಬಿಟ್ಟುಕೊಡೋಣವೆಂದು ಚಿಕ್ಕಪ್ಪ ದಿನವೂ ಬಂದು ಕಿವಿ ಕಚ್ಚುತ್ತಿದ್ದರು. ಅಪ್ಪ ಮೂರು ತಿಂಗಳು ಗಡುವು ಕೇಳಿದ್ದರು. ಅಷ್ಟರಲ್ಲಿ ಹೊಸ ಗ್ರಾಹಕರು ಬಂದರೆ ಅಂಗಡಿ ಮಗಳದು. ಬರದಿದ್ದರೆ ಬಾಗಿಲು ಮುಚ್ಚುವುದೇ!

ಹತ್ತನೇ ವಯಸ್ಸಿಗೇ ಸ್ಕ್ರೂಡ್ರೈವರ್ ಹಿಡಿದವಳು ಅವಳು. ಈ ಅಂಗಡಿ ಹೋದರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಏನ್ ಮಾಡಬೇಕು ಹೇಳಿ," ಎಂದಳು ಗಂಟುಮುಖದಲ್ಲೇ.

"ಬರೀಬೇಕು."

"ನಾನಾ? ನನಗೆ ಅರ್ಜಿ ಬರೆಯೋಕೂ ಬರಲ್ಲ!"

"ನಿನ್ನೆ ಗ್ರಾಹಕರು ಏನು ಕೇಳಿದ್ರು?"

"ಕೆಳಗಿನ ದಾರ ಯಾಕೆ ಗಂಟು ಬೀಳುತ್ತೆ ಅಂತ."

"ನೀವೇನಂದ್ರಿ?"

"ಬಾಬಿನ್ ಉಲ್ಟಾ ಹಾಕಿದ್ದೀರಿ ತಾಯಿ, ಯಂತ್ರಕ್ಕೆ ಯಾಕೆ ಶಾಪ ಹಾಕ್ತೀರಿ ಅಂದೆ."

ಏಣಿ ಜೋರಾಗಿ ನಕ್ಕುಬಿಟ್ಟ. "ಅದನ್ನೇ ಬರೀರಿ! ಜನ ಅಂಗಡಿ ಹುಡುಕೋಕೆ ಮುಂಚೆ ತಮ್ಮ ತೊಂದರೆ ಹುಡುಕ್ತಾರೆ. ಉತ್ತರ ನಿಮ್ಮ ಹತ್ರ ಸಿಕ್ಕಿದ್ರೆ ಯಂತ್ರಾನೂ ನಿಮ್ಮ ಹತ್ರಾನೇ ತರ್ತಾರೆ."

ಅವಳು ಬರೆಯತೊಡಗಿದಳು. ದಾರ ಯಾಕೆ ಹರಿಯುತ್ತದೆ, ದಪ್ಪ ಬಟ್ಟೆಗೆ ಯಾವ ಸೂಜಿ, ಬೆಲ್ಟು ಜಾರಿದರೆ ಏನು ಮಾಡಬೇಕು... ಅವನು ವಾರಕ್ಕೆರಡು ದಿನ ಬಂದು ಎದುರಿನ ಸ್ಟೂಲಿನಲ್ಲಿ ಮಡಚಿಕೊಂಡು ಕೂರುತ್ತಿದ್ದ. ಒಂದೊಂದು ಬರಹಕ್ಕೂ ಒಂದೊಂದು ಪುಟ, ನೇರವಾದ ತಲೆಬರಹ, ಬೇಗ ತೆರೆದುಕೊಳ್ಳುವ ಚಿಕ್ಕ ಚಿತ್ರಗಳು. ಅವಳ ಮಾತುಗಳನ್ನು ಮಾತ್ರ ಒಂದಕ್ಷರವೂ ತಿದ್ದುತ್ತಿರಲಿಲ್ಲ.

"ಈಗ ಎಷ್ಟನೇದು?" ಅವಳು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು.

"ಒಂದು ಸಲ ಎಣ್ಣೆ ಬಿಟ್ಟು ಹತ್ತು ಸಲ ಮುಚ್ಚಳ ತೆಗೆದು ನೋಡ್ತೀರಾ?"

"ನೋಡ್ತೀನಿ!"

ಕೂತಲ್ಲಿ ಕೂರಲಾರದಂತಾಗಿದ್ದಳು ಅವಳು. ಮೂವತ್ತೆಂಟು... ಹತ್ತೊಂಬತ್ತು... ಹನ್ನೊಂದು! ಹನ್ನೊಂದಕ್ಕೆ ಬಂದು ಎಂಟು ದಿನ ಅಲ್ಲೇ ನಿಂತಾಗ ಅವಳಿಗೆ ಊಟವೇ ಸೇರಲಿಲ್ಲ. ಒಂಬತ್ತನೇ ದಿನ ಏಳು! ಆ ಮಧ್ಯಾಹ್ನವೇ ಊರಿನ ಆಚೆ ತುದಿಯಿಂದ ಇಬ್ಬರು ದರ್ಜಿಗಳು ಯಂತ್ರ ಹೊತ್ತು ತಂದರು.

ಆದರೆ ಒಂದು ವಿಚಾರ ಅವಳು ಯಾರಿಗೂ ಹೇಳಲಿಲ್ಲ. ಅವಳ ಕಿವಿ ಫೋನಿನ ಗಂಟೆಗಿಂತ ಹೆಚ್ಚಾಗಿ ಮೆಟ್ಟಿಲ ಮೇಲಿನ ಹೆಜ್ಜೆ ಸದ್ದಿಗೆ ಕಾಯುತ್ತಿತ್ತು. ಅವನು ಬಾರದ ದಿನ ಅಂಗಡಿಯಲ್ಲಿ ಯಾವ ಸ್ಪ್ಯಾನರೂ ಇಟ್ಟ ಜಾಗದಲ್ಲಿ ಸಿಗುತ್ತಿರಲಿಲ್ಲ.

ಇದೇನಾಗಿದೆ ನನಗೆ?

ಒಂದು ಮಂಗಳವಾರ ವೆಬ್‌ಸೈಟ್ ತೆರೆದು ಬೆಚ್ಚಿಬಿದ್ದಳು. ಮೊದಲ ಪುಟದ ತುಂಬ ಅವಳದೇ ಫೋಟೋ! ಯಂತ್ರದ ಮೇಲೆ ಬಾಗಿ, ಕೆನ್ನೆಗೆ ಎಣ್ಣೆ ಮೆತ್ತಿಕೊಂಡು, ಏನಕ್ಕೋ ನಗುತ್ತಿದ್ದಾಳೆ. ಅವಳಿಗೇ ಗೊತ್ತಿಲ್ಲದಂತೆ ಏಣಿ ಯಾವಾಗಲೋ ತೆಗೆದಿದ್ದ.

"ಅಯ್ಯೋ! ಊರೆಲ್ಲಾ ನೋಡುತ್ತೆ!"

ಪಾಸ್‌ವರ್ಡ್ ಅವಳ ಬಳಿಯಿತ್ತು. ಬೇರೆ ಫೋಟೋ ಹಾಕುವ ತನಕ ಯಾರೂ ನೋಡದಿರಲಿ ಎಂದು ಒಳಗೆ ಹೊಕ್ಕು ಹುಡುಕಿದಾಗ ಒಂದು ಚೌಕ ಕಂಡಿತು. 'ಹುಡುಕುವವರಿಗೆ ಈ ವೆಬ್‌ಸೈಟ್ ತೋರಿಸಬೇಡ.' ಅಂಗಡಿಯ ಶಟರ್ ಅರ್ಧ ಎಳೆದ ಹಾಗೆ ಎಂದುಕೊಂಡು ಅದಕ್ಕೆ ಟಿಕ್ ಹಾಕಿದಳು.

ಆಮೇಲೆ ಫೋಟೋ ತೆಗೆಯಲು ಹೋದಳು. ಕೈ ನಿಂತಿತು. ತನ್ನನ್ನು ಇಷ್ಟು ಗಮನವಿಟ್ಟು ಇದುವರೆಗೆ ಯಾರಾದರೂ ನೋಡಿದ್ದರೇ? ತೆಗೆಯಲು ಮನಸ್ಸೇ ಬರಲಿಲ್ಲ...

"ಯಾರಾದ್ರೂ ಇದ್ದೀರಾ? ಬೆಲ್ಟು ಹರಿದುಹೋಯ್ತು, ನಾಳೆ ಮದುವೆ ಬಟ್ಟೆ ಕೊಡಬೇಕು!"

ಬಾಗಿಲಲ್ಲಿ ದರ್ಜಿಯಮ್ಮ ಗೋಳಾಡುತ್ತಿದ್ದರು. ಅವಳು ಗಡಿಬಿಡಿಯಿಂದ ಲ್ಯಾಪ್‌ಟಾಪ್ ಮುಚ್ಚಿ ಎದ್ದಳು. ಫೋಟೋ ಉಳಿಯಿತು. ಟಿಕ್ ಕೂಡ ಉಳಿಯಿತು. ಅದು ಅವಳಿಗೆ ಮರೆತೇಹೋಯಿತು!

ಆ ವಾರ ಏಣಿ ಬರಲಿಲ್ಲ. ಫೋನು ಮಾಡಿದರೆ, "ಒಂದು ಕೆಲಸದಲ್ಲಿದ್ದೀನಿ, ಆದ್ಮೇಲೆ ಹೇಳ್ತೀನಿ," ಎಂದು ಮಾತು ಮುಗಿಸುತ್ತಿದ್ದ.

ಅಪ್ಪನ ಫೋನಿನಲ್ಲಿ ನೋಡಿದರೆ ಏಳು ಇದ್ದದ್ದು ಇಪ್ಪತ್ತಾಯಿತು. ಮರುದಿನ ಐವತ್ತು. ಅದರ ಮರುದಿನ ಎಷ್ಟು ಉಜ್ಜಿದರೂ ಅಂಗಡಿ ಎಲ್ಲೂ ಇಲ್ಲ! ಫೋನು ಬಾಯಿಗೆ ಬೀಗ ಹಾಕಿಕೊಂಡು ಕೂತಿತು. ಗಡುವಿಗೆ ಇನ್ನು ಒಂಬತ್ತೇ ದಿನ.

ಆಗಲೇ ಚಿಕ್ಕಪ್ಪ ಬಂದರು. "ನಿಮ್ಮ ಏಣೀನ ಆ ದೊಡ್ಡ ಶೋರೂಮಿನಲ್ಲಿ ನೋಡಿದೆ. ಇದೇ ವಾರದಲ್ಲಿ ಎರಡು ಸಲ! ಮ್ಯಾನೇಜರ್ ಜೊತೆ ಕಾಫಿ ಕುಡೀತಿದ್ದ."

ಇದೇನಾ ಆ 'ಕೆಲಸ'?

ಮರುದಿನ ಬೆಳಿಗ್ಗೆ ಏಣಿಯನ್ನು ಕರೆಸಿದರು. ಅಪ್ಪ ಕುರ್ಚಿಯಲ್ಲಿ, ಚಿಕ್ಕಪ್ಪ ಬಾಗಿಲ ಬಳಿ. ಅವನು ಒಳಬಂದು ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಶೋರೂಮಿಗೆ ಯಾಕೆ ಹೋಗಿದ್ರಿ?"

"ಅದನ್ನೇ ಹೇಳೋಕೆ..."

"ನಮ್ಮನ್ನ ಅಳಿಸಿಹಾಕೋಕೆ ಅವರು ಹೇಳಿದ್ರಾ? ಅವರ ಕೆಲಸಾನೇ ಮಾಡೋದಿದ್ರೆ ಇಲ್ಲಿ ಬಂದು ನನ್ನ ಎದುರು ಕೂತು ನಗೋದು ಯಾಕೆ ಬೇಕಿತ್ತು? ನಂಬಿದ್ದೆ ನಿಮ್ಮನ್ನ!"

ಅವನ ಮುಖ ಕಪ್ಪಿಟ್ಟಿತು. ಲ್ಯಾಪ್‌ಟಾಪ್ ತೆರೆದ. ಏನೇನೋ ಒತ್ತಿದ. ಪರದೆಯಲ್ಲಿ ಒಂದು ಕಡೆ ಕಣ್ಣು ನಿಲ್ಲಿಸಿ ಬಹಳ ಹೊತ್ತು ಓದಿದ. ಆಮೇಲೆ ಅವಳತ್ತ ನೋಡಿದ... ಬಾಗಿಲಲ್ಲಿದ್ದ ಚಿಕ್ಕಪ್ಪನತ್ತ ನೋಡಿದ.

"ತಪ್ಪು ನಂದೇ," ಎಂದ. "ಹಾಕಬಾರದ ಕಡೆ ಒಂದು ಟಿಕ್ ಬಿದ್ದಿತ್ತು. ತೆಗೆದಿದ್ದೀನಿ. ನಾಲ್ಕೈದು ದಿನದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತೆ."

"ನೋಡಿದ್ಯಾ ಅಣ್ಣ!" ಚಿಕ್ಕಪ್ಪ ಕೈ ತಟ್ಟಿದರು. "ಇಂಥವರನ್ನ ನಂಬಿ ಅಂಗಡಿ ನಡೆಸ್ತಾರಾ?"

ಅಪ್ಪ ಮುಖ ತಿರುಗಿಸಿದರು. "ಇನ್ನು ನೀನು ಬರೋದು ಬೇಡಪ್ಪ."

ಅವನು ಹೋದ. ಅವಳು ತಲೆ ಎತ್ತಲಿಲ್ಲ. ಅಳಬಾರದೆಂದು ಸ್ಕ್ರೂಡ್ರೈವರನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ಅದರ ಗುರುತು ಮೂಡಿತ್ತು.

ಐದು ದಿನ ಅವಳು ಅಂಗಡಿಯೊಳಗೆ ಸುತ್ತಿದ್ದೇ ಸುತ್ತಿದ್ದು. ಬಿಚ್ಚಿದ ಯಂತ್ರವನ್ನೇ ಮತ್ತೆ ಬಿಚ್ಚಿದಳು. ಒಪ್ಪಿಕೊಂಡನಲ್ಲ, ಮತ್ತೆ ಯಾಕೆ ನನಗೆ ಸಮಾಧಾನವಿಲ್ಲ? ಸುಳ್ಳು ಹೇಳುವವನ ಕಣ್ಣು ಹಾಗಿರುತ್ತದೆಯೇ?

ಆರನೇ ದಿನ ಅಂಗಡಿ ಮತ್ತೆ ಕಾಣಿಸಿತು. ಎಷ್ಟನೆಯದೆಂದು ಬೇರೆ ಬೇರೆ ಫೋನುಗಳಲ್ಲಿ ಎಣಿಸಿದಳು. ನಾಲ್ಕು! ಮೊದಲಿಗಿಂತಲೂ ಮೇಲೆ!

ಇದು ಹೇಗೆ ಸಾಧ್ಯ?

ಅವಳು ವೆಬ್‌ಸೈಟಿನ ಒಳಗೆ ಹೊಕ್ಕಳು. ಯಾರು, ಯಾವಾಗ, ಏನು ಬದಲಾಯಿಸಿದರೆಂಬ ಪಟ್ಟಿ ಅಲ್ಲಿತ್ತು. ಕೆಳಗಿಳಿಯುತ್ತಾ ಓದಿದಳು. ಮಂಗಳವಾರ, ಹನ್ನೊಂದು ಇಪ್ಪತ್ತು. ಮೊದಲ ಪುಟದ ಫೋಟೋ ತೆರೆಯಲಾಗಿದೆ. ಹುಡುಕುವವರಿಗೆ ತೋರಿಸಬೇಡ, ಟಿಕ್ ಹಾಕಲಾಗಿದೆ. ಹಾಕಿದವರು...

ಅವಳೇ!

ದರ್ಜಿಯಮ್ಮ, ಹರಿದ ಬೆಲ್ಟು, ಮುಚ್ಚಿದ ಲ್ಯಾಪ್‌ಟಾಪ್, ಎಲ್ಲ ಒಟ್ಟಿಗೆ ನೆನಪಾಯಿತು. ಅವನು ಇದನ್ನು ಓದಿದ್ದ. ಓದಿಯೂ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ಹೋಗಿಬಿಟ್ಟಿದ್ದ!

ಹೊರಗೆ ಚಿಕ್ಕಪ್ಪ ಕರಾರುಪತ್ರದ ಕರಡು ಹಿಡಿದು ಬಂದಿದ್ದರು. ನಾಲ್ಕನೇ ಜಾಗಕ್ಕೆ ಬಂದಿದ್ದೇವೆಂದು ಹೇಳಿ ಸುಮ್ಮನಿದ್ದರೆ ಅಂಗಡಿ ತನಗೇ ಉಳಿಯಬಹುದು. ನಿಜ ಹೇಳಿದರೆ? 'ಸ್ವಂತ ಅಂಗಡಿಯನ್ನೇ ಊರಿನ ಕಣ್ಣಿಂದ ಅಳಿಸಿದವಳ ಕೈಗೆ ಕೊಡ್ತೀಯಾ?' ಚಿಕ್ಕಪ್ಪ ಕೇಳಿಯೇ ಕೇಳುತ್ತಾರೆ.

ಆದರೆ ಆ ಕಣ್ಣುಗಳು... ತಪ್ಪು ಒಪ್ಪಿಕೊಳ್ಳುವ ಮುಂಚೆ ಅವನು ನೋಡಿದ ಆ ನೋಟ!

"ಅಪ್ಪ, ಆ ಟಿಕ್ ಹಾಕಿದ್ದು ನಾನು."

"ಏನೇ ಇದು?"

"ನಾಚಿಕೆಯಾಗಿ ಹಾಕಿದೆ, ಮರೆತೆ. ಅವರ ತಪ್ಪು ಒಂಚೂರೂ ಇಲ್ಲ. ನಿಮ್ಮ ಮುಂದೆ ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿದ್ರು. ಅಂಗಡಿ ಕೊಡಲ್ಲ ಅಂದ್ರೂ ಸರಿ, ಅವರ ಮೇಲೆ ತಪ್ಪು ಹೊರಿಸಿ ಇಟ್ಕೊಳ್ಳಲ್ಲ ನಾನು."

"ನಾನು ಮೊದಲೇ ಹೇಳಿರಲಿಲ್ವಾ..." ಚಿಕ್ಕಪ್ಪ ಶುರು ಮಾಡಿದರು.

ಅಪ್ಪ ನಡುಗುವ ಕೈಯೆತ್ತಿ ತಡೆದರು. "ಈ ಅಂಗಡಿ ತೆರೆದ ವರ್ಷ ಒಬ್ಬರ ಯಂತ್ರಕ್ಕೆ ಸೂಜಿ ತಿರುಗುಮುರುಗಾಗಿ ಹಾಕಿ ಮೂರು ಸಲ ಮನೆಗೆ ಕಳಿಸಿದ್ದೆ. ಮೂರು ಸಲವೂ ಯಂತ್ರಾನೇ ಕೆಟ್ಟದ್ದು ಅಂತ ಬೈದೆ. ಇವತ್ತಿಗೂ ಆಯಮ್ಮನಿಗೆ ನಿಜ ಹೇಳಿಲ್ಲ." ಮಗಳತ್ತ ನೋಡಿದರು. "ಇವಳಿಗೆ ನನಗಿಂತ ಧೈರ್ಯ ಜಾಸ್ತಿ. ಅಂಗಡಿ ಇವಳದು. ಆ ಕಾಗದ ಮಡಚಿಕೋ ತಮ್ಮ."

ಅವಳು ಎಣ್ಣೆಯ ಕೈಯಿಂದಲೇ ಕಣ್ಣೊರೆಸಿಕೊಂಡಳು.

"ಇನ್ನೂ ನಿಂತಿದ್ದೀಯಲ್ಲೇ! ಹೋಗು, ಏಣಿ ತಗೊಂಡು ಬಾ!"

ಅವಳು ಓಡಿದಳು.

ಅವನ ಕಚೇರಿ ಒಂದು ಮುದ್ರಣಾಲಯದ ಮೇಲಿನ ಕೋಣೆ. ಕೆಳಗೆ ಯಂತ್ರ ಓಡುತ್ತಿದ್ದುದರಿಂದ ಮೇಲೆ ಕಿಟಕಿ ಗಾಜು ಅದುರುತ್ತಿತ್ತು. ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತ ಅವಳನ್ನು ನೋಡಿ ಅವನು ದಿಗ್ಗನೆ ಎದ್ದ.

"ಕೂತ್ಕೊಳ್ಳಿ..."

"ಕೂತ್ರೆ ಧೈರ್ಯ ಹೋಗುತ್ತೆ. ಪಟ್ಟಿ ನೋಡಿದೆ. ಯಾಕೆ ಸುಳ್ಳು ಹೇಳಿದ್ರಿ?"

"ನಿಮ್ಮ ಚಿಕ್ಕಪ್ಪನಿಗೆ ನಿಮ್ಮದೊಂದು ತಪ್ಪು ಸಿಕ್ಕಿದ್ರೆ ಸಾಕಿತ್ತು. ಅಲ್ದೆ ಕೇಳದೆ ಫೋಟೋ ಹಾಕಿದ್ದು ನಾನೇ ಅಲ್ವಾ? ಅದಿಲ್ದಿದ್ರೆ ಆ ಟಿಕ್ ಎಲ್ಲಿಂದ ಬರ್ತಿತ್ತು?"

"ಮತ್ತೆ ಶೋರೂಮ್?"

ಅವನು ತಲೆ ಕೆರೆದುಕೊಂಡ. "ಅವರು ಹೊಸ ಯಂತ್ರ ಮಾರ್ತಾರೆ, ಹಳೇದು ಮುಟ್ಟಲ್ಲ. 'ಹಳೇ ಯಂತ್ರಕ್ಕೆ ಇವರಲ್ಲಿ ಹೋಗಿ' ಅಂತ ಅವರ ವೆಬ್‌ಸೈಟಿನಲ್ಲಿ ನಿಮ್ಮ ಕಡೆಗೆ ಒಂದು ದಾರಿ ಹಾಕಿಸ್ಬೇಕಿತ್ತು. ದೊಡ್ಡವರೇ ತೋರಿಸಿದ್ರೆ ಅಂಗಡಿ ಮೇಲೇರುತ್ತೆ. ಮ್ಯಾನೇಜರ್ ಒಪ್ಪೋಕೆ ನಾಲ್ಕು ಸಲ ಬೇಕಾಯ್ತು. ಅವರ ಕಾಫಿ ಬೇರೆ ಕೆಟ್ಟದಾಗಿತ್ತು."

ಅವಳು ನಕ್ಕಳು. ನಗುತ್ತಲೇ ಅತ್ತಳು.

"ಅಷ್ಟು ಬೈದೆನಲ್ಲ... ಒಂದು ಮಾತಾದ್ರೂ ವಾಪಸ್ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಸೋಲ್ತಿದ್ರಿ. ಅದನ್ನ ನೋಡೋಕೆ ನನ್ನ ಕೈಲಾಗ್ತಿರಲಿಲ್ಲ." ಅವನ ದನಿ ತಗ್ಗಿತು. "ನೀವಂದ್ರೆ ನನಗೆ ಅಷ್ಟು ಇಷ್ಟ. ಹೇಳೋಕೆ ಬಾಯಿ ಬಂದಿರಲಿಲ್ಲ ಅಷ್ಟೇ."

ಗಾಜು ಅದುರುತ್ತಲೇ ಇತ್ತು. ಮೂರು ತಿಂಗಳಿಂದ ಒಂದು ಕಡೆ ನಿಲ್ಲದಿದ್ದ ಅವಳ ಮನಸ್ಸು ಮಾತ್ರ ಈಗ ನಿಂತಿತು.

"ನನಗೂ," ಎಂದಳು. "ಆದ್ರೆ ಇನ್ಮೇಲೆ ನನ್ನ ತಪ್ಪು ನನಗೇ ಬಿಡಬೇಕು."

"ತಪ್ಪು ಮಾಡಿದ್ರೆ ಬೈಬಹುದಾ?"

"ಬೈ," ಎಂದಳು ಅವಳು, ಎಣ್ಣೆಯ ಕೈಯಿಂದಲೇ ಅವನ ಕೈ ಹಿಡಿಯುತ್ತಾ. "ಎಷ್ಟು ಬೇಕಾದ್ರೂ ಬೈ. ಎದ್ದು ಹೋಗ್ಬೇಡ."

"ಹೋಗಲ್ಲ ಕಣೇ."