ದಾರ ಪೋಣಿಸಿಟ್ಟ ಸೂಜಿ

ಶನಿಯಾರ ಲಿಂಗಪ್ಪನ ಕೈಯಿಂದ ತಗಡಿನ ಪೆಟ್ಟಿಗೆ ಕಸಿದುಕೊಂಡವನೇ ಅಂಗಳದ ಮರಳಿನ ಮೇಲೆ ಬೋರಲು ಸುರಿದುಬಿಟ್ಟ.

ಸ್ಕ್ರೂಡ್ರೈವರುಗಳು, ಎಣ್ಣೆಡಬ್ಬಿ, ಸವೆದ ಬ್ರಶ್ಶು, ಸೂಜಿಯ ಪೊಟ್ಟಣ, ಸೀಮೆಎಣ್ಣೆಯ ಬಾಟಲಿ— ಇಪ್ಪತ್ತೆರಡು ವರ್ಷ ಅವನ ಹೊಟ್ಟೆ ಹೊರೆದ ಸಾಮಾನೆಲ್ಲ ಒಂದೇ ಗಳಿಗೆಯಲ್ಲಿ ಮರಳು ಮೆತ್ತಿಕೊಂಡವು. ಬಾಟಲಿ ಒಡೆಯಲಿಲ್ಲ, ಅಷ್ಟೇ ಪುಣ್ಯ.

"ಸರ ಎಲ್ಲಿ?" ಶನಿಯಾರ ಕೇಳಿದ.

"ಯಾವ ಸರ?"

"ಗೊತ್ತಿಲ್ದವ್ರ ಹಂಗೆ ಆಡ್ಬೇಡ. ನನ್ನ ಹೆಂಡ್ತಿ ಚಿನ್ನದ ಅವಲಕ್ಕಿ ಸರ. ನಿನ್ನೆ ಒಳಕೋಣೆಗೆ ಹೋದ ಹೊರಗಿನವ ನೀನೊಬ್ಬನೇ. ಇವತ್ತು ಅಲ್ಲಿದ್ದ ಪೆಟ್ಟಿಗೆ ತೆಗೆದು ನೋಡಿದ್ರೆ ಸರ ಇಲ್ಲ."

ಲಿಂಗಪ್ಪ ಮರಳಿಗೆ ಬಿದ್ದ ಸಾಮಾನನ್ನೊಮ್ಮೆ, ಶನಿಯಾರನ ಮುಖವನ್ನೊಮ್ಮೆ ನೋಡಿದ. ಬೆಳಿಗ್ಗೆ ಭಟ್ಕಳದ ಒಂದು ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ ಬಿಚ್ಚಿಕೊಂಡು ಕೂತಿದ್ದವನನ್ನು ಶನಿಯಾರನ ತಮ್ಮ ವೆಂಕಟ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಈ ತೆಂಗಿನಗುಂಡಿ ಊರಿಗೆ ಕರೆತಂದಿದ್ದ. ದಾರಿಯುದ್ದಕ್ಕೂ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಎಣ್ಣೆ ಹಾಕಿಕೊಟ್ಟ ಮಿಷನ್ ಮತ್ತೆ ಹಿಡಿದುಕೊಂಡಿರಬೇಕು ಎಂದು ಲಿಂಗಪ್ಪ ತಾನೇ ಊಹಿಸಿಕೊಂಡು ಬಂದಿದ್ದ. ಬಂದು ನೋಡಿದರೆ ಕಳ್ಳನ ಪಟ್ಟ ಕಾದು ಕೂತಿತ್ತು.

ಹೊನ್ನಾವರದ ಲಿಂಗಪ್ಪ ಎಂದರೆ ಕುಮಟೆಯಿಂದ ಭಟ್ಕಳದವರೆಗೆ ಹೊಲಿಗೆ ಮಿಷನ್ ಇದ್ದ ಮನೆಯವರಿಗೆಲ್ಲ ಗೊತ್ತು. ನೆಂಟರನ್ನೂ ಜಗಲಿಯಲ್ಲೇ ಕೂರಿಸುವ ಮನೆಗಳಲ್ಲಿ ಅವನನ್ನು ಮಾತ್ರ ಒಳಕೋಣೆಯವರೆಗೂ ಬಿಡುತ್ತಿದ್ದರು. ಆ ನಂಬಿಕೆಯೇ ಅವನ ಆಸ್ತಿ. ಅವನು ಕಳ್ಳ ಎಂಬ ಸುದ್ದಿ ಇವತ್ತಿನ ಬಸ್ಸು ಹತ್ತಿದರೆ ಸಾಕು, ನಾಳೆಯಿಂದ ಯಾವ ಮನೆಯ ಬಾಗಿಲೂ ಅವನಿಗೆ ತೆರೆಯುವುದಿಲ್ಲ. ಐವತ್ತು ದಾಟಿದ ಮೇಲೆ ಬೇರೆ ಕಸುಬು ಕಲಿಯುವುದಾದರೂ ಯಾವಾಗ?

"ಪೆಟ್ಟಿಗೆಗೆ ಬೀಗ ಇತ್ತಾ?" ಅವನು ಕೇಳಿದ.

"ಇತ್ತು. ಕೀಲಿ ಬಾಗಿಲ ಹಿಂದೆ ಮೊಳೆಗೆ ನೇತಾಡ್ತದೆ."

"ಇವತ್ತು ತೆಗೆಯೂಕೆ ಹೋದಾಗ?"

ಉತ್ತರ ಕೊಟ್ಟವಳು ಶನಿಯಾರನ ಹೆಂಡತಿ ಕಮಲಿ. ಬಾಗಿಲಿಗೆ ಒರಗಿ ನಿಂತಿದ್ದಳು. "ಬೀಗ ಹಾಕಿಯೇ ಇತ್ತು. ಕೀಲಿನೂ ಮೊಳೆ ಮೇಲೇ ಇತ್ತು."

"ಕದ್ದವ ಬೀಗ ಹಾಕಿ, ಕೀಲಿ ತಂದು ಮೊಳೆಗೆ ಸಿಕ್ಕಿಸಿ ಹೋಗ್ತ್ನಾ? ಶನಿಯಾರಣ್ಣ, ನನ್ನ ಹೊಡಿಯೂದಾದ್ರೆ ಹೊಡೀರಿ. ಅದ್ಕಿಂತ ಮೊದ್ಲು ಒಂದ್ಸಲ ಆ ಮಿಷನ್ ನೋಡೂಕೆ ಬಿಡಿ."

"ಮಿಷನ್ ನೋಡಿ ಎಂತ ಮಾಡ್ತೆ?"

"ನಿನ್ನೆ ಆ ಕೋಣೆಲಿ ನಾನು ಮುಟ್ಟಿದ್ದು ಅದೊಂದನ್ನೇ. ಸಾಕ್ಷಿ ಹೇಳೂದಾದ್ರೆ ಅದೇ ಹೇಳ್ಬೇಕು."

ಶನಿಯಾರ ತಮ್ಮನ ಮುಖ ನೋಡಿದ. ವೆಂಕಟ ಹೆಗಲು ಕುಣಿಸಿದ. ಲಿಂಗಪ್ಪ ಮರಳಿನಿಂದ ಒಂದು ಸ್ಕ್ರೂಡ್ರೈವರ್ ಹೆಕ್ಕಿಕೊಂಡ. ಮೂವರೂ ಒಳಗೆ ಹೊರಟರು. ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ಹಳೆಯ ಹಸಿರು ಸೀರೆಯ ತುಂಡೊಂದು ಲಿಂಗಪ್ಪನ ಮುಖಕ್ಕೆ ತಾಗಿತು. ಅದರ ಒಂದು ಅಂಚನ್ನು ಯಾರೋ ಪರ್ರನೆ ಹರಿದಿದ್ದರು. ಅವನು ಅದನ್ನು ಸರಿಸಿ ಮುಂದೆ ಹೋದ.

ಒಳಕೋಣೆಯಲ್ಲಿ ಪೆಟ್ಟಿಗೆಗೆ ಒತ್ತಿಕೊಂಡೇ ಕಾಲಲ್ಲಿ ತುಳಿಯುವ ಮಿಷನ್ ಇತ್ತು. ಕಮಲಿ ತವರಿನಿಂದ ತಂದದ್ದು. ಹತ್ತಿರ ಸೋಮಿ ನಿಂತಿದ್ದಳು— ಶನಿಯಾರನ ತಂಗಿ, ಬರುವ ಗುರುವಾರದ ಮದುಮಗಳು. ಅತ್ತು ಅತ್ತು ಕಣ್ಣು ಊದಿತ್ತು.

"ಸರ ಇವತ್ತೇ ಎಂತಕ್ಕೆ ಹುಡುಕಿದ್ರಿ?" ಲಿಂಗಪ್ಪ ಕೇಳಿದ.

"ಮಧ್ಯಾಹ್ನ ರಮಾನಂದ ಶೇಟರು ಬರ್ತ್ರು," ಸೋಮಿ ಹೇಳಿದಳು. "ಅದನ್ನ ಕರಗ್ಸಿ ನಂಗೆ ಮದುವಿಗೆ ಬೇರೆ ಮಾಡೂಕೆ."

"ಸರ ಕಮಲಮ್ಮನದ್ದಲ್ದಾ?"

"ಅವಳ ಹೆತ್ತ ಅಬ್ಬಿ ಹಾಕಿದ್ದು," ಎಂದ ಶನಿಯಾರ. "ಈಗ ಮನಿಗೆ ಬೇಕಾತು. ಅದ್ರಲ್ಲೆಂತ?"

"ಅವ್ರ ಹತ್ರ ಕೇಳಿರಾ?"

"ಮನೆ ಹೆಂಗಸ್ರ ಹತ್ರ ಕೇಳೂದೆಂತ? ನೀ ನಿನ್ನ ಕೆಲ್ಸ ನೋಡು."

ಕಮಲಿ ನೆಲ ನೋಡುತ್ತ ನಿಂತಿದ್ದಳು. ಲಿಂಗಪ್ಪ ಹೆಚ್ಚು ಕೆದಕದೆ ಕುಕ್ಕರಗಾಲಲ್ಲಿ ಕೂತ.

ಈ ಮಿಷನ್ನಿಗೆ ನಿನ್ನೆ ಅವನು ಪಟ್ಟ ಪಾಡು ಕಡಿಮೆಯದಲ್ಲ. ಯಾರೋ ಪುಣ್ಯಾತ್ಮರು ಎಣ್ಣೆಯ ತೂತಿಗೆಲ್ಲ ತೆಂಗಿನೆಣ್ಣೆ ಬಿಟ್ಟಿದ್ದರು. ಅದು ಒಳಗೇ ಅಂಟಾಗಿ, ಧೂಳು ಹಿಡಿದು, ಗಾಲಿ ತಿರುಗದೆ ಕೂತಿತ್ತು. ಯಾರು ಬಿಟ್ಟದ್ದು ಎಂದರೆ ಒಬ್ಬರೂ ಒಪ್ಪಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಸಂದುಸಂದಿಗೂ ಬ್ರಶ್ಶು ಹಾಕಿ, ಒರೆಸಿ, ಮಿಷನ್ ಎಣ್ಣೆ ಕೊಟ್ಟು ಮುಗಿಸುವಾಗ ಮಧ್ಯಾಹ್ನವಾಗಿತ್ತು.

"ಹೋಗುವಾಗ ನಾನು ಎಂತ ಹೇಳಿದ್ದೆ, ನೆನಪಿದ್ಯಾ?" ಅವನು ಕೇಳಿದ.

"ಇವತ್ತು ಹೊಲಿಬೇಡಿ, ಎಣ್ಣೆ ಇಳೀಲಿ ಅಂದ್ರಿ," ಎಂದಳು ಕಮಲಿ. "ನಾಳೆ ಮೊದ್ಲು ಚಿಂದಿ ಮೇಲೆ ಹತ್ತು ಸಾಲು ಓಡ್ಸಿ, ಇಲ್ದಿದ್ರೆ ಒಳ್ಳೇ ಬಟ್ಟೆಗೆ ಎಣ್ಣೆ ಹಿಡೀತದೆ ಅಂದ್ರಿ."

"ನಾನೂ ಕೇಳಿದ್ದೆ," ಎಂದಳು ಸೋಮಿ. "ಅಬ್ಬಿ ಮಾತ್ರ ಮೀನು ಮಾರೂಕೆ ಪ್ಯಾಟಿಗೆ ಹೋಗಿದ್ಳು."

"ಸೂಜಿಯಡಿಗೆ ಒಂದು ಬಿಳಿ ಚಿಂದಿ ಮಡ್ಚಿ ಇಟ್ಟಿದ್ದೆ. ಎಲ್ಲಿ ಅದು?"

ಚಿಂದಿ ಮಿಷನ್ನಿನ ಕೆಳಗೆ ಬಿದ್ದಿತ್ತು. ಲಿಂಗಪ್ಪ ಎತ್ತಿ ಬಿಡಿಸಿದ. ಒಂದು ಹೊಲಿಗೆಯೂ ಇರಲಿಲ್ಲ. ಸೂಜಿಯ ಕೆಳಗಿನ ತಗಡಿನ ಎರಡು ಸ್ಕ್ರೂ ಬಿಚ್ಚಿ ಮೇಲೆತ್ತಿದ. ಬಟ್ಟೆ ದೂಡುವ ಹಲ್ಲುಗಳ ಸಂದಿಯಲ್ಲಿ ಒಂದು ಚಿಟಿಕೆಯಷ್ಟು ನೂಲಿನ ಧೂಳು. ಮಾಸಿದ ಹಸಿರು. ಅದರ ಕೆಳಗೆ, ಅಡಿದಾರದ ಬಾಬಿನ್ ಕೂರುವಲ್ಲಿ, ಬಿಳಿ ದಾರ ಗಂಟುಗಂಟಾಗಿ ಕಚ್ಚಿಕೊಂಡಿತ್ತು.

ಲಿಂಗಪ್ಪ ಧೂಳನ್ನು ಬೆರಳ ತುದಿಗೆ ಹತ್ತಿಸಿ ಎಲ್ಲರಿಗೂ ತೋರಿಸಿದ.

"ನಿನ್ನೆ ಇಲ್ಲಿ ಒಂದೆಳೆ ಧೂಳು ಬಿಟ್ಟಿರಲಿಲ್ಲ ನಾನು. ನಾ ಹೋದ ಮೇಲೆ ಈ ಮಿಷನ್ನಲ್ಲಿ ಯಾರೋ ಹೊಲ್ದಿದಾರೆ. ಯಾರು?"

ಎಲ್ಲರೂ ಬಾಗಿ ಬೆರಳಿನ ಮೇಲಿನ ಧೂಳು ನೋಡಿದರು.

"ನಾನಲ್ಲ," ಎಂದಳು ಸೋಮಿ. "ನಾನೂ ಅತ್ತಿಗೆನೂ ಮೂರು ಗಂಟಿಗೆ ಬಳೆ ಇಡ್ಸೂಕೆ ಪ್ಯಾಟಿಗೆ ಹೋದವ್ರು ದೀಪ ಹಚ್ಚೂ ಹೊತ್ತಿಗೆ ಬಂದದ್ದು."

"ನಾವಿಬ್ರೂ ದೋಣಿ ಹತ್ರ ಇದ್ವಿ," ಎಂದ ವೆಂಕಟ.

"ಸರ ಹೋದ ದಿವ್ಸನೇ ಯಾರೋ ಗುಟ್ಟಲ್ಲಿ ಹೊಲ್ದಿದಾರೆ," ಎಂದ ಲಿಂಗಪ್ಪ. "ಈಗ ಬಾಯಿ ಬಿಡ್ತಾ ಇಲ್ಲ. ಅಂದ್ಮೇಲೆ ಹೊಲ್ದದ್ದು ಎಂತದು? ಸರ ಹುಗ್ಸಿಟ್ಟ ಬಟ್ಟೆ."

ಶನಿಯಾರ ಗರ್ರನೆ ತಿರುಗಿ ಹೆಂಡತಿಯ ಎದುರು ನಿಂತ. "ಹಂಗಾರೆ ನೀನೇ. ಮಿಷನ್ ನಿನ್ನದು, ಸರ ನಿನ್ನದು. ಕೊಡೂಕೆ ಮನಸಿಲ್ದೆ ಹುಗ್ಸಿಟ್ಟು, ಪಾಪದವ್ನ ಮೇಲೆ ಹೇಳ್ಸಿದ್ಯಾ?"

ಕಮಲಿ ಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಂಡಳು. ಅವಳನ್ನು ನೋಡಿ ಲಿಂಗಪ್ಪನಿಗೆ ಮರುಕ ಉಕ್ಕಿತು. ಐದು ನಿಮಿಷದ ಹಿಂದೆ ತಾನು ನಿಂತಿದ್ದ ಜಾಗದಲ್ಲಿ ಈಗ ಅವಳು ನಿಂತಿದ್ದಳು.

"ಅವರಲ್ಲ," ಅವನು ಗಟ್ಟಿಯಾಗಿಯೇ ಹೇಳಿದ. "ಅವ್ರಾಗಿದ್ರೆ ಮೊದ್ಲು ಚಿಂದಿ ಮೇಲೆ ಓಡಿಸ್ತಿದ್ರು. ನನ್ನ ಮಾತು ಕೇಳ್ದವ್ರು ಚಿಂದಿನ ಕೆಳಗೆ ಒಗೀತಿರಲಿಲ್ಲ. ಮತ್ತೆ ಈ ಗಂಟು ನೋಡಿ. ಗಾಲಿ ಹಿಂದ್ಮುಂದೆ ತಿರುಗಿದ್ರೆ ಮಾತ್ರ ದಾರ ಹಿಂಗೆ ಕಚ್ಚೂದು. ಯಾವತ್ತೂ ಮಿಷನ್ ತುಳೀದೇ ಇದ್ದವ್ರು ಮಾಡೂ ಕೆಲ್ಸ ಇದು. ಕಮಲಮ್ಮನೂ ಅಲ್ಲ, ಅವ್ರ ಹತ್ರ ಕಲ್ತ ಸೋಮಿನೂ ಅಲ್ಲ."

"ಮತ್ತೆ ನಾನಾ?" ವೆಂಕಟ ಕೆಣಕಿದ.

"ನಿಂಗೆ ಬಲೆ ಹೆಣ್ಯೂಕೆ ಬರ್ತದಲ್ದಾ?"

"ಬರ್ದೆ? ಕಣ್ಣು ಮುಚ್ಚಿ ಹೆಣೀತೆ."

"ಮತ್ತೆ ನೀನು ಸದ್ದು ಮಾಡೂ ಮಿಷನ್ನಿಗೆ ಕೂರೂದೆಂತಕ್ಕೆ? ಕೈಸೂಜಿಲಿ ಎರಡು ನಿಮಿಷಕ್ಕೆ ಹೊಲ್ದು ಮುಗಿಸ್ತಿದ್ದೆ."

ಹೇಳುತ್ತ ಹೇಳುತ್ತಲೇ ಲಿಂಗಪ್ಪ ತಡೆದು ನಿಂತ. ಅವನ ಕಣ್ಣು ಮಿಷನ್ನಿನ ಸೂಜಿಯ ಮೇಲೆ ನೆಟ್ಟಿತು. ಚಿಂದಿಯ ಮೇಲೆ ಓಡಿಸಲೆಂದು ನಿನ್ನೆ ಅವನೇ ಪೋಣಿಸಿಟ್ಟಿದ್ದ ಬಿಳಿ ದಾರ. ಈಗಲೂ ಸೂಜಿಯ ಕಣ್ಣಲ್ಲೇ ಇತ್ತು. ಇಷ್ಟು ಹೊತ್ತೂ ಎಲ್ಲರ ಎದುರಿಗೇ ಇದ್ದದ್ದು.

"ಒಂದು ಚೀಲ ಹೊಲಿಯೂಕೆ ಕೈಸೂಜಿ ಸಾಕು," ಅವನು ನಿಧಾನಕ್ಕೆ ಹೇಳಿದ. "ಗುಟ್ಟಿನ ಕೆಲ್ಸಕ್ಕಂತೂ ಅದೇ ಒಳ್ಳೇದು. ಆದ್ರೂ ಮಿಷನ್ ಬರ್ದವ್ರೊಬ್ರು ಮಿಷನ್ನಿಗೇ ಕೂತ್ರು. ಎಂತಕ್ಕೆ? ಕೈಸೂಜಿಗೆ ದಾರ ಪೋಣಿಸ್ಬೇಕು. ಇದ್ರಲ್ಲಿ ನಾನು ಪೋಣ್ಸಿಟ್ಟು ಹೋಗಿದ್ದೆ. ಈ ಮನೇಲಿ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸೂಕೆ ಆಗದವ್ರು ಯಾರು?"

ಸೋಮಿಯ ಕೈ ತಾನಾಗಿ ಬಾಯಿಗೆ ಹೋಯಿತು. ಶನಿಯಾರ ತಂಗಿಯನ್ನು ನೋಡಿದ. ವೆಂಕಟ ಅಣ್ಣನನ್ನು ನೋಡಿದ.

"ಸಾಧ್ಯ ಇಲ್ಲ," ಎಂದ ಶನಿಯಾರ. ಆದರೆ ದನಿಯಲ್ಲಿ ಮೊದಲಿನ ಜೋರು ಉಳಿದಿರಲಿಲ್ಲ.

ಹೊರಗೆ ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು. ಶನಿಯಾರನ ತಾಯಿ ದುರ್ಗಿ, ಬೆಳಕು ಹರಿಯುವ ಮೊದಲೇ ಮೀನು ಹೊತ್ತು ಹೋದವಳು, ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಬಂದಿದ್ದಳು. ಮನೆಯಲ್ಲಿ ನಡೆದದ್ದು ಅವಳಿಗೆ ಏನೂ ಗೊತ್ತಿರಲಿಲ್ಲ. ಮರಳಿನಲ್ಲಿ ಹರಡಿ ಬಿದ್ದ ಸಾಮಾನು ನೋಡಿ ಅಲ್ಲೇ ನಿಂತಳು.

"ಇದೆಂತ? ಮಿಷನ್ ತಮ್ಮನ ಪೆಟ್ಟಿಗೆ ಚೆಲ್ಲಿದ್ದು ಯಾರು?"

ಎಲ್ಲರೂ ಹೊರಗೆ ಬಂದರು. ಲಿಂಗಪ್ಪ ಅವಳ ತಲೆ ನೋಡಿದ. ಬುಟ್ಟಿಯ ಕೆಳಗೆ, ತಲೆಗೆ ಒತ್ತದಿರಲೆಂದು ಇಟ್ಟುಕೊಳ್ಳುವ ಸಿಂಬೆ. ದಿನವೂ ಮೀನು ಮಾರುವವರು ಹಳೆಯ ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಾರೆ. ಇದು ಹೊಲಿದ ಸಿಂಬೆ. ಹೊಸದು. ಮಾಸಿದ ಹಸಿರು ಬಟ್ಟೆ, ಬಿಳಿ ದಾರ.

"ಅಮ್ಮ, ಕಮಲಮ್ಮನ ಸರ ಕದ್ದವ ನಾನು ಅಂತ ಹೇಳ್ತಾ ಇದಾರೆ," ಎಂದ ಲಿಂಗಪ್ಪ.

ದುರ್ಗಿ ದಂಗುಬಡಿದು ಹೋದಳು. "ನಿಂಗಾ? ನಿಂಗೆ ಹೇಳಿದ್ರಾ?" ಮಗನ ಕಡೆ ತಿರುಗಿ ಏನೋ ಹೇಳಲು ಹೋಗಿ ನಿಲ್ಲಿಸಿದಳು. ಬುಟ್ಟಿ ಇಳಿಸಿದಳು. ಸಿಂಬೆಯನ್ನು ಒಂದು ಗಳಿಗೆ ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದು ಲಿಂಗಪ್ಪನ ಎದುರು ಚಾಚಿದಳು.

ಅವನು ಅದನ್ನು ತಿರುಗಿಸಿ ಎಲ್ಲರಿಗೂ ತೋರಿಸಿದ. "ನೋಡಿ. ಮೊದ್ಲಿನ ಒಂದು ಗೇಣು ಹೊಲಿಗೆ ಗುಂಟ ಕಪ್ಪು ಗೆರೆ. ಮುಂದೆ ತೆಳು. ಕಡಿಗೆ ಎಂತದೂ ಇಲ್ಲ. ನಾನು ಹಾಕಿದ ಎಣ್ಣೆ ಇದು. ಚಿಂದಿ ಕುಡೀಬೇಕಾದ್ದನ್ನ ಸಿಂಬೆ ಕುಡ್ದದೆ. ನಾನು ಹೇಳೂ ಹೊತ್ತಿಗೆ ಅಮ್ಮ ಪ್ಯಾಟೆಲಿದ್ರು, ಅವ್ರಿಗೆ ಚಿಂದಿ ವಿಷಯ ಗೊತ್ತಿಲ್ಲ. ಸರ ತೆಗ್ದದ್ದು ದುರ್ಗಮ್ಮ."

ಸ್ಕ್ರೂಡ್ರೈವರಿನ ತುದಿಯಿಂದ ಒಂದು ಬದಿಯ ನಾಲ್ಕು ಹೊಲಿಗೆ ಬಿಚ್ಚಿದ. ಹಸಿರು ಬಟ್ಟೆಯ ಒಳಗೆ ಚಿನ್ನದ ಎಳೆ ಬಿಸಿಲಿಗೆ ಮಿಂಚಿತು.

ಶನಿಯಾರ ಜಗಲಿಯ ಕಟ್ಟೆಯ ಮೇಲೆ ಕುಸಿದು ಕೂತ. ಹೆತ್ತ ತಾಯಿ, ಮದುವೆ ಮನೆಯಲ್ಲಿ, ಮಗಳಿಗಾಗಿ ತೆಗೆದಿಟ್ಟ ಚಿನ್ನ ಕದ್ದದ್ದು.

"ಅಬ್ಬಿ, ಎಂತಕ್ಕೆ?" ಅವನು ಕೇಳಿದ. ದೊಡ್ಡ ಬಾಯಿಯ ಶನಿಯಾರನಿಂದ ಅಷ್ಟೇ ಹೊರಟಿತು.

"ನಿನ್ನ ಸೋದರತ್ತೆ ಮದುವಿಗೆ ನಿನ್ನ ಅಪ್ಪ ನನ್ನ ಸರ ತೆಗ್ದು ಕೊಟ್ಟ," ಎಂದಳು ದುರ್ಗಿ. "ನನ್ನ ಅಬ್ಬಿ ಹಾಕಿದ್ದು. ಕೇಳ್ಲಿಲ್ಲ. ಮೊನ್ನೆ ನೀನೂ ಅದೇ ಜಗಲಿ ಮೇಲೆ ಕೂತು ಅದೇ ಮಾತು ಹೇಳ್ದೆ. ಕಮಲಿ ಒಳಗೆ ಹೋಗಿ ಅತ್ಳು. ನಾನೂ ಅವತ್ತು ಅಲ್ಲೇ ಅತ್ತದ್ದು. ಮದುವಿ ಕಳ್ದ ಮೇಲೆ ಪೆಟ್ಟಿಗೆಲಿ ಇಡೂ ಅಂತ ಮಾಡಿದ್ದೆ. ಸೋಮಿಗೆ ನನ್ನ ಕಿವಿದು ಕೊಡ್ತೆ." ಅವಳು ಲಿಂಗಪ್ಪನ ಕಡೆ ತಿರುಗಿದಳು. "ಕಾಣೆ ಆತು ಅಂತ ಎರಡು ದಿವ್ಸ ಬೊಬ್ಬೆ ಹೊಡ್ದು ಸುಮ್ನಾಗ್ತ್ರು ಅಂದ್ಕಂಡೆ ತಮ್ಮ. ಬೇರೆಯವ್ರ ತಲಿಗೆ ಕಟ್ತ್ರು ಅಂತ ನಂಗೆ ಹೊಳೀಲೇ ಇಲ್ಲ. ನಂದು ತಪ್ಪಾತು."

"ಮಿಷನ್ ತುಳೀಯೂಕೆ ಎಲ್ಲಿ ಕಲ್ತ್ರಿ?"

"ಆರು ವರ್ಷದಿಂದ ಇವ್ಳು ತುಳಿಯೂದು ನೋಡ್ತಾ ಇಲ್ವಾ? ಮೊದ್ಲು ಹಿಂದೆ ಓಡ್ತು. ಆಮೇಲೆ ಬಗ್ಗಿತು." ದುರ್ಗಿ ಸ್ವಲ್ಪ ತಡೆದಳು. "ತೆಂಗಿನೆಣ್ಣೆ ಬಿಟ್ಟದ್ದೂ ನಾನೇ. ಕುಂಯ್ ಕುಂಯ್ ಅಂತಿತ್ತು. ನನ್ನ ಮಂಡಿಗೆ ಹಾಕೂದನ್ನೇ ಅದಕ್ಕೂ ಹಾಕ್ದೆ."

ಸೋಮಿ ಕಮಲಿಯ ಹತ್ತಿರ ಹೋದಳು. "ಅತ್ತಿಗೆ, ನಿನ್ನ ಹತ್ರ ಯಾರೂ ಕೇಳ್ಲೇ ಇಲ್ವಾ? ನೀನೇ ಕೊಟ್ಟದ್ದು ಅಂದ್ಕಂಡಿದ್ದೆ ನಾನು."

ಕಮಲಿ ಇಲ್ಲವೆಂದು ತಲೆಯಾಡಿಸಿದಳು.

ಗೇಟಿನ ಹತ್ತಿರ ಸೈಕಲ್ ಗಂಟೆಯ ಸದ್ದಾಯಿತು. ಅಕ್ಕಸಾಲಿ ರಮಾನಂದ ಶೇಟರು ಬಂದಿದ್ದರು. ಶನಿಯಾರ ಎದ್ದು ನಿಂತ. ಲಿಂಗಪ್ಪನ ಕೈಯಿಂದ ಸಿಂಬೆ ಇಸಿದುಕೊಂಡು ಹೆಂಡತಿಯ ಎದುರು ಹಿಡಿದ. ಮದುವೆಯಾಗಿ ಆರು ವರ್ಷಕ್ಕೆ ಮೊದಲ ಸಲ ಅವನು ಅವಳನ್ನು ಒಂದು ಮಾತು ಕೇಳಿದ.

"ಶೇಟರಿಗೆ ಎಂತ ಹೇಳೂದು? ನೀನೇ ಹೇಳು."

ಕಮಲಿ ಸಿಂಬೆ ತೆಗೆದುಕೊಂಡು ಒಳಗೆ ಹೋದಳು. ಲಿಂಗಪ್ಪ ಹಿಂದೆಯೇ ಹೋಗಿ ದಾರದ ಗಂಟು ಬಿಡಿಸಿ, ತಗಡು ಕೂರಿಸಿ ಕೊಟ್ಟ. ಅವಳು ನೆಲದ ಮೇಲಿನ ಬಿಳಿ ಚಿಂದಿ ಎತ್ತಿ ಸೂಜಿಯಡಿಗೆ ಇಟ್ಟು ಎಣಿಸಿ ಹತ್ತು ಸಾಲು ಓಡಿಸಿದಳು. ಎಲ್ಲೂ ಎಣ್ಣೆಯ ಕಲೆ ಬೀಳಲಿಲ್ಲ. ಆಮೇಲೆ ಸರ ಒಳಗಿದ್ದ ಹಾಗೆಯೇ ಸಿಂಬೆಯ ಬಿಚ್ಚಿದ ಬದಿಯನ್ನು ಹೊಲಿದು ಮುಚ್ಚಿದಳು. ಮಿಷನ್ ಒಂದು ಚೂರೂ ತಡವರಿಸಲಿಲ್ಲ.

ಹೊರಗೆ ಬಂದು ಅದನ್ನು ದುರ್ಗಿಯ ಕೈಯಲ್ಲಿಟ್ಟಳು. "ಅತ್ತೆ, ನಾಳೆ ಪ್ಯಾಟಿಗೆ ಹೋಗೂಕೆ ಬೇಕಲ್ದಾ?"

ಶನಿಯಾರ ಶೇಟರನ್ನು ಬರಿಗೈಯಲ್ಲಿ ಕಳಿಸಿ ಬಂದ. ಅಂಗಳದಲ್ಲಿ ಮಂಡಿಯೂರಿ ಕೂತು, ಲಿಂಗಪ್ಪನ ಸಾಮಾನು ಒಂದೊಂದನ್ನೇ ಹೆಕ್ಕಿ, ತನ್ನ ಪಂಚೆಯ ತುದಿಯಲ್ಲಿ ಮರಳು ಒರೆಸಿ ಪೆಟ್ಟಿಗೆಗೆ ತುಂಬತೊಡಗಿದ. ಲಿಂಗಪ್ಪ ಅವಸರ ಮಾಡಲಿಲ್ಲ. ಎಣ್ಣೆಡಬ್ಬಿ ಕೈಗೆ ಬಂದಾಗ ಮಾತ್ರ ಅದನ್ನು ತೆಗೆದು ದುರ್ಗಿಗೆ ಕೊಟ್ಟ.

"ಇನ್ನು ಕುಂಯ್ ಅಂದ್ರೆ ಇದನ್ನ ಹಾಕಿ ಅಮ್ಮ," ಎಂದ. "ಎರಡೇ ತೊಟ್ಟು."