ದಿನಕ್ಕೆ ನಾಲ್ಕು ಸಲ ನಿಲ್ಲುವ ಚಕ್ರ

ಕೆಂಪು ಸ್ಟಾಪ್ ಬಟನ್ ನನ್ನಿಂದ ಆರೇ ಅಡಿ ದೂರದಲ್ಲಿತ್ತು.

ಒಂದು ಗುದ್ದು ಸಾಕು! ಆದರೆ ಗುದ್ದಲು ಕೈ ಬೇಕಲ್ಲ... ನನ್ನ ಎರಡೂ ಕೈಗಳನ್ನು ಇಬ್ಬರು ಸೆಕ್ಯುರಿಟಿ ಗಾರ್ಡುಗಳು ಬೆನ್ನ ಹಿಂದಕ್ಕೆ ತಿರುಚಿ ಹಿಡಿದಿದ್ದರು.

ತಲೆಯ ಮೇಲೆ ಜೈಂಟ್ ವೀಲ್ ತಿರುಗುತ್ತಿತ್ತು. ಎಂಬತ್ತು ಅಡಿ ಎತ್ತರ. ಹದಿನಾರು ತೊಟ್ಟಿಲು. ಭಾನುವಾರದ ಜನ, ಮಕ್ಕಳು ಮರಿ... ಒಂದು ತೊಟ್ಟಿಲೂ ಖಾಲಿ ಇರಲಿಲ್ಲ.

“ನಿಲ್ಲಿಸಿ ಸರ್! ಮುರಿದು ಬೀಳುತ್ತೆ ಅದು!”

“ಜಯಪ್ಪ, ಆ ಮುದುಕ ನಿಮಗೇನು ಮಂಕುಬೂದಿ ಎರಚಿದ?” ಎಂದರು ಜನಾರ್ದನ.

ಜನಾರ್ದನ ಎಂದರೆ ಈ ಪಾರ್ಕಿನ ವೈಸ್ ಪ್ರೆಸಿಡೆಂಟ್. ಬೆಂಗಳೂರಿನವರು. ಹದಿನೈದು ದಿನದ ಹಿಂದೆ ನನಗೆ ಈ ಕೇಸು ಕೊಟ್ಟವರೂ ಅವರೇ. ಉರಿಬಿಸಿಲಿನಲ್ಲಿ ಟೈ ಕಟ್ಟಿಕೊಂಡು ನಿಂತಿದ್ದರು. ನನ್ನ ಕಡೆ ನೋಡುವಾಗ ಸಿಡುಕು, ಮೇಲೆ ನೋಡುವಾಗ ನಗು. ಯಾಕೆಂದರೆ ಮೇಲೆ, ಒಂಬತ್ತನೇ ನಂಬರಿನ ತೊಟ್ಟಿಲಿನಲ್ಲಿ, ಕಂಪನಿಯ ಎಂ.ಡಿ. ಕೂತು ಕೈ ಬೀಸುತ್ತಿದ್ದರು.

ನನಗೆ ಐವತ್ತನಾಲ್ಕು. ಎಡಮಂಡಿ ಕೈಕೊಟ್ಟಿದೆ. ಸಕ್ಕರೆ ಕಾಯಿಲೆ ಬೇರೆ. ಇಂಥ ಭಾನುವಾರಗಳು ನಿಜಕ್ಕೂ ಸಾಕಾಗಿವೆ ಸ್ವಾಮಿ.

ಮೊದಲಿನಿಂದ ಹೇಳಿಬಿಡುತ್ತೇನೆ, ಕೇಳಿ. ಆಮೇಲೆ ಇದೇ ಬಟನ್ನಿನ ಹತ್ತಿರ ಬರೋಣ.

ಎರಡು ಸಾವಿರದ ನಾಲ್ಕನೇ ಇಸವಿ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿದ್ದವನು ಅದನ್ನು ಬಿಟ್ಟು, ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದೆ. ಬಾಗಿಲಿಗೆ ‘ಖಾಸಗಿ ತನಿಖೆ’ ಅಂತ ಬೋರ್ಡು. ಬರುತ್ತಿದ್ದ ಕೇಸುಗಳೋ, ಬರೀ ಹುಡುಗನ ಗುಣ ಹೇಗೆ, ಹುಡುಗಿಯ ನಡತೆ ಹೇಗೆ ಎಂಬ ಮದುವೆಯ ವಿಚಾರಣೆ. ಅನುಮಾನ ಪಡುವುದೇ ಉದ್ಯೋಗವಾದರೆ ಮನುಷ್ಯ ಎಷ್ಟು ಬೇಗ ದಣಿಯುತ್ತಾನೆ ಎಂಬುದು ನಿಮಗೆ ಗೊತ್ತಿಲ್ಲ.

ಅಂಥ ಹೊತ್ತಿನಲ್ಲಿ ‘ಮಲ್ನಾಡ್ ಮ್ಯಾಜಿಕ್’ ಪಾರ್ಕಿನಿಂದ ಫೋನ್ ಬಂತು.

ಪಾರ್ಕು ಇರುವುದು ಭದ್ರಾವತಿ ರಸ್ತೆಯಲ್ಲಿ, ಮಾಚೇನಹಳ್ಳಿಯ ಶೆಡ್ಡುಗಳನ್ನು ದಾಟಿದ ಮೇಲೆ. ಮೊದಲು ಊರಿನವರೇ ಯಾರೋ ನಡೆಸುತ್ತಿದ್ದರು. ಒಂದು ವರ್ಷದ ಹಿಂದೆ ದೊಡ್ಡ ಕಂಪನಿ ಕೊಂಡುಕೊಂಡಿತ್ತು.

ಜನಾರ್ದನರ ರೂಮು ತಣ್ಣಗಿತ್ತು. ದೊಡ್ಡ ಕಿಟಕಿ. ಕಿಟಕಿಯಲ್ಲಿ ಕಾಣುತ್ತಿದ್ದುದು ಪಾರ್ಕಿಂಗ್ ಜಾಗ! ಪಾರ್ಕು ಅವರ ಬೆನ್ನ ಹಿಂದಿತ್ತು, ಗೋಡೆಯ ಆಚೆ.

“ಜೈಂಟ್ ವೀಲ್ ನಮ್ಮ ಸ್ಟಾರ್ ಪ್ರಾಡಕ್ಟ್,” ಎಂದರು. ಇದಕ್ಕೆ ಮುಂಚೆ ಅವರು ಬಿಸ್ಕತ್ತು ಕಂಪನಿಯಲ್ಲಿದ್ದರಂತೆ. “ಆದ್ರೆ ದಿನಕ್ಕೆ ನಾಲ್ಕು ಸಲ ನಿಂತುಹೋಗುತ್ತೆ. ಹನ್ನೊಂದು, ಒಂದು, ಮೂರು, ಐದು ಗಂಟೆಗೆ. ಕರೆಕ್ಟಾಗಿ ಹತ್ತು ನಿಮಿಷ!”

“ರಿಪೇರಿನಾ?”

“ರಿಪೇರಿ ಅಲ್ಲ ರೀ, ಸ್ಯಾಬೊಟೇಜ್! ಯಾರೋ ಬೇಕೂಂತ ಮಾಡಿಸ್ತಿದಾರೆ.” ಮೇಜಿನ ಮೇಲೆ ಒಂದು ಫೋಟೋ ಎಸೆದರು.

ಫೋಟೋದಲ್ಲಿ ಚಕ್ರದ ನಡುಮಧ್ಯ, ನಲವತ್ತು ಅಡಿ ಮೇಲೆ, ಆಕ್ಸಲ್ ಪಕ್ಕದ ಅಟ್ಟಣೆಯಲ್ಲಿ ಒಬ್ಬ ಮುದುಕ ಕುಕ್ಕರುಗಾಲಲ್ಲಿ ಕೂತಿದ್ದ. ಬೆನ್ನು ಕ್ಯಾಮೆರಾ ಕಡೆಗಿತ್ತು. ಕೈಯಲ್ಲಿ ಕಬ್ಬಿಣದ ಕಂಬಿ. ಕಂಬಿಯ ತುದಿ ಮೆಷಿನ್ನಿನಲ್ಲಿ.

“ಮುರುಗೇಶಪ್ಪ. ಆಪರೇಟರ್. ವಾರ್ನಿಂಗ್ ಕೊಟ್ಟಾಯ್ತು, ಆದ್ರೂ ಹತ್ತುತ್ತಾನೆ. ರೆಡ್‌ಹ್ಯಾಂಡಾಗಿ ಹಿಡೀರಿ. ಹದಿನೈದು ದಿನಕ್ಕೆ ಎಂ.ಡಿ. ಬರ್ತಾರೆ. ಅಷ್ಟರಲ್ಲಿ ಚಕ್ರ ನಾನ್‌ಸ್ಟಾಪ್ ಓಡ್ತಿರಬೇಕು.”

“ನೀವು ಚಕ್ರ ಹತ್ತಿದೀರಾ ಸರ್?”

“ನನಗೆ ತಲೆ ಸುತ್ತುತ್ತೆ ರೀ,” ಎಂದರು.

ಮರುದಿನ ಐಸ್‌ಕ್ರೀಂ ಅಂಗಡಿಯ ಹಿಂದೆ ಕಾದು ಕೂತೆ. ಹನ್ನೊಂದಕ್ಕೆ ಸರಿಯಾಗಿ ಮುದುಕ ಜನರನ್ನೆಲ್ಲ ಇಳಿಸಿದ. ಖಾಲಿ ಚಕ್ರವನ್ನು ಮೆಲ್ಲಗೆ ತಿರುಗಲು ಬಿಟ್ಟು ಏಣಿ ಹತ್ತಿದ. ಅಂಗಿಯೊಳಗಿಂದ ಕಂಬಿ ತೆಗೆದ. ನನಗೆ ಕಂಡದ್ದು ಬೆನ್ನು ಮಾತ್ರ, ಫೋಟೋ ಹೊಡೆದೆ.

ಇಳಿಯುವಾಗ ನನ್ನನ್ನು ನೋಡಿಬಿಟ್ಟ. ಓಡಿದ!

ಹಿಂದಿನ ಬೇಲಿ ಹಾರಿದ. ನಾನೂ ಹಾರಿದೆ, ಪ್ಯಾಂಟು ಹರಿಯಿತು. ಮಾಚೇನಹಳ್ಳಿಯ ಶೆಡ್ಡುಗಳ ಸಂದಿಯಲ್ಲಿ ಎಡಕ್ಕೆ... ಬಲಕ್ಕೆ... ಮತ್ತೆ ಎಡಕ್ಕೆ... “ನಿಲ್ಲೋ!” ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಒಮ್ಮೆಯೂ ತಿರುಗಿ ನೋಡಲಿಲ್ಲ. ಕಡೆಗೆ ಬೀಗ ಹಾಕಿದ ಒಂದು ಹಳೇ ರೋಲಿಂಗ್ ಮಿಲ್ಲಿನ ಗೇಟಿಗೆ ಒರಗಿ ತಾನೇ ಕುಸಿದ. ಏದುಸಿರು. ನನಗೂ ಅದೇ ಗತಿ.

“ಯಾರು ಕಳಿಸಿದ್ದು ನಿನ್ನ?”

“ಹದಿನೈದು ದಿನ ಸಾರ್. ಮುರಿದು ಬೀಳುತ್ತೆ.”

“ನನ್ನೇ ಹೆದರಿಸ್ತೀಯಾ?”

“ಹದಿನೈದೇ ದಿನ. ಬರೆದಿಟ್ಕಳಿ.”

ಬರೆದಿಟ್ಟುಕೊಂಡೆ. ಕಂಬಿ ಕಿತ್ತುಕೊಂಡೆ. ‘ಹದಿನೈದು ದಿನದಲ್ಲಿ ಚಕ್ರ ಮುರಿಯುವುದಾಗಿ ಬೆದರಿಕೆ ಹಾಕಿರುತ್ತಾನೆ’ ಎಂದು ರಿಪೋರ್ಟಿನಲ್ಲಿ ಗೀಚಿದೆ. ಅಂದೇ ಸಂಜೆ ಅವನ ಕೆಲಸ ಹೋಯಿತು. ಅವನ ಕುರ್ಚಿಗೆ ಹಾಲಸ್ವಾಮಿ ಎಂಬ ಇನ್ನೊಬ್ಬ ಆಪರೇಟರ್ ಬಂದ. ಚಕ್ರ ಬೆಳಿಗ್ಗೆಯಿಂದ ಸಂಜೆವರೆಗೆ ನಿಲ್ಲದೆ ತಿರುಗತೊಡಗಿತು. ಜನಾರ್ದನ ನನ್ನ ಕೈ ಕುಲುಕಿದರು. ಕೇಸು ಮುಗಿಯಿತು.

ಮುಗಿಯಿತು ಎಂದುಕೊಂಡೆ. ಆದರೆ ಕಂಬಿ ನನ್ನ ಡ್ರಾಯರಿನಲ್ಲೇ ಉಳಿದಿತ್ತು.

ಭಾನುವಾರ ಬೆಳಿಗ್ಗೆ ಮಂಡಿಯ ಮುಲಾಮು ಹುಡುಕುವಾಗ ಕೈಗೆ ಸಿಕ್ಕಿತು. ಒಂದು ತುದಿ ಸಾಣೆ ಹಿಡಿದಂತೆ ನಯ. ಇನ್ನೊಂದು ತುದಿಗೆ ಬೆರಳುದ್ದದ ಮರದ ತುಂಡು. ಮರದ ಮೇಲೆ ಸಾಲಾಗಿ ಸಣ್ಣ ಗುಳಿಗಳು. ಕನ್ನಡಕ ಹಾಕಿಕೊಂಡು ನೋಡಿದೆ.

ಹಲ್ಲಿನ ಗುರುತು!

ಮೆಷಿನ್ ಕೆಡಿಸುವವನು ಕಂಬಿಯನ್ನು ಯಾಕೆ ಕಚ್ಚುತ್ತಾನೆ?

ಕಾಫಿ ಅರ್ಧಕ್ಕೇ ಬಿಟ್ಟೆ. ಸ್ಕೂಟರ್ ಒದ್ದೆ. ಭದ್ರಾವತಿಯ ಹಳೇ ಕೇರಿಯಲ್ಲಿ ಮುರುಗೇಶಪ್ಪನ ಮನೆ. ಬಾಗಿಲಲ್ಲೇ ಅವನ ಮಗಳು ಪುಷ್ಪಾ ಎದುರಾದಳು. ಕೈಯಲ್ಲಿ ದೋಸೆ ಹಿಟ್ಟಿನ ಸೌಟು.

“ಅವತ್ತು ಈ ಕಂಬಿ ಕಿತ್ಕೊಂಡೋರು ನೀವೇನಾ? ಇನ್ನೇನು ಕಿತ್ಕೊಳ್ಳಕ್ಕೆ ಬಂದ್ರಿ?”

“ಒಂದು ಮಾತು ಕೇಳ್ಬೇಕಿತ್ತಮ್ಮ ನಿಮ್ಮ ಅಪ್ಪನ್ನ...”

“ಕೇಳಿ, ಕೇಳಿ! ನೀವು ಅವರನ್ನ ಹಿಡಿದ್ರಲ್ಲ, ಆ ರೋಲಿಂಗ್ ಮಿಲ್ಲಲ್ಲೇ ಮೂವತ್ತು ವರ್ಷ ದುಡಿದು ನಮ್ಮಪ್ಪಂಗೆ ಎರಡೂ ಕಿವಿ ಹೋಗಿದೆ. ಅವತ್ತು ನೀವು ಕೇಳಿದ್ದು ಒಂದಕ್ಷರನೂ ಕಿವಿಗೆ ಬಿದ್ದಿಲ್ಲ. ಗೊತ್ತಾ ನಿಮಗೆ?”

ಗೊತ್ತಿರಲಿಲ್ಲ. ಪತ್ತೇದಾರ ನಾನು!

ಒಳಗಿಂದ ಮುರುಗೇಶಪ್ಪ ಬಂದ. ನನ್ನ ಕೈಯಲ್ಲಿದ್ದ ಕಂಬಿಯನ್ನು ನೋಡಿ ಅವನ ಮುಖ ಅರಳಿತು. ಬೈಯಲಿಲ್ಲ. ನನ್ನ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದ. ಅಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಕಂಬಿಯ ನಯವಾದ ತುದಿಯನ್ನು ಗ್ರೈಂಡರಿನ ಬುಡಕ್ಕೆ ಒತ್ತಿದ. ಮರದ ತುದಿಯನ್ನು ನನ್ನ ಬಾಯಿಗೆ ಹಿಡಿದ.

“ಕಚ್ಚಿ ಸಾರ್. ಕಿವಿ ಎರಡೂ ಮುಚ್ಕಳಿ.”

ಕಚ್ಚಿದೆ.

ತಲೆಬುರುಡೆಯ ಒಳಗೇ ಗ್ರೈಂಡರ್ ತಿರುಗಿತು! ಮೋಟಾರಿನ ಗುಂಯ್ ಎಂಬ ಸದ್ದು, ಬೆಲ್ಟಿನ ಎಳೆತ, ಬೇರಿಂಗಿನ ಗುಂಡುಗಳು ಒಂದರ ಹಿಂದೆ ಒಂದು ಉರುಳುವುದು... ಎಲ್ಲ ಬೇರೆ ಬೇರೆಯಾಗಿ ಕೇಳಿಸಿತು.

“ಮಿಲ್ಲಲ್ಲಿ ನಾವೆಲ್ಲ ಹಿಂಗೇ ಕೇಳ್ತಿದ್ದಿದ್ದು. ಕಿವಿ ಹೋದ್ರೂ ಹಲ್ಲು ಕೇಳುತ್ತೆ ಸಾರ್. ಇದು ಒಳ್ಳೇ ಬೇರಿಂಗು. ಅಲ್ಲಿ ಚಕ್ರದ್ದು ಒಳಗೇ ಪುಡಿ ಆಗ್ತಾ ಇದೆ. ಎರಡು ಗಂಟೆಗೊಂದ್ಸಲ ನಿಲ್ಲಿಸಿ, ಬಿಸಿ ಆರಿಸಿ, ಗ್ರೀಸ್ ಹಾಕಿ ತಳ್ತಿದ್ದೆ. ಬದಲಾಯಿಸಿ ಅಂತ ಮೂರು ಸಲ ಬರ್ದೆ. ಕನ್ನಡದಲ್ಲಿ ಬರ್ದಿದ್ದೆ... ಓದೋರು ಯಾರು? ನಿಲ್ಲಿಸ್ದೆ ಓಡಿಸಿದ್ರೆ ಹದಿನೈದೇ ದಿನ.”

ಗೋಡೆಯ ಕ್ಯಾಲೆಂಡರ್ ನೋಡಿದೆ. ಅವತ್ತಿಗೆ ಹದಿನೈದನೇ ದಿನ. ಎಂ.ಡಿ. ಬರುವ ದಿನ. ಚಕ್ರ ಭರ್ತಿಯಾಗುವ ದಿನ.

ಪುಷ್ಪಾಳ ಕೈಯಲ್ಲೇ ಪಾರ್ಕಿಗೆ ಫೋನ್ ಮಾಡಿಸಿದೆ. ‘ಕಾರ್ಯಕ್ರಮ ನಡೀತಿದೆ, ನಾಳೆ ಮಾಡಿ’ ಅಂತ ಇಟ್ಟುಬಿಟ್ಟರು. ಮುದುಕನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ರೈಲ್ವೆ ಗೇಟ್ ಹಾಕಿತ್ತು! ಸ್ಕೂಟರನ್ನು ಓರೆ ಮಾಡಿ ಗೇಟಿನ ಕೆಳಗೆ ತೂರಿಸಿದೆ. ಗೇಟಿನವನು ಬೈದದ್ದು ನನಗಷ್ಟೇ ಕೇಳಿಸಿತು. ಪಾರ್ಕಿನ ಒಳಗೆ ನುಗ್ಗಿ ಸ್ಟಾಪ್ ಬಟನ್ ಇರುವ ಪ್ಯಾನಲ್ ಕಡೆ ಓಡಿದೆ. ಗಾರ್ಡುಗಳು ಹಿಡಿದರು.

ಈಗ ಬಟನ್ನಿನ ಹತ್ತಿರ ಬಂದೆವು ನೋಡಿ.

“ಇವರನ್ನ ಹೊರಗೆ ಹಾಕಿ,” ಎಂದರು ಜನಾರ್ದನ.

ಆಗಲೇ ಆ ಸದ್ದು ಬಂತು. ಕಟಕ್! ಚಕ್ರ ಒಮ್ಮೆ ಜಗ್ಗಿ ಮತ್ತೆ ತಿರುಗಿತು. ಮೇಲೆ ಯಾರೋ ಕಿರುಚಿದರು. ಜನಾರ್ದನರ ನಗು ಮಾಯವಾಯಿತು.

ಮುರುಗೇಶಪ್ಪ ಅಷ್ಟರಲ್ಲಿ ನಮ್ಮನ್ನೆಲ್ಲ ದಾಟಿ ನಡೆದಿದ್ದ. “ಏಯ್! ನಿಲ್ಲೋ! ನಿಲ್ಲು ಅಂದೆ!” ಗಾರ್ಡುಗಳು ಅರಚಿದರು. ಅವನಿಗೆಲ್ಲಿ ಕೇಳಬೇಕು? ನೆಟ್ಟಗೆ ಪ್ಯಾನಲ್ ಹತ್ತಿರ ಹೋದ. ಹಾಲಸ್ವಾಮಿ ಅವನ ಮುಖ ನೋಡಿ ತಾನಾಗಿಯೇ ಕುರ್ಚಿ ಬಿಟ್ಟೆದ್ದ.

ಮುದುಕ ಬಟನ್ ಒತ್ತಿದ. ಚಕ್ರ ನಿಂತಿತು.

“ಸದ್ಯ!” ಎಂದರು ಜನಾರ್ದನ. “ಈಗ ಇಳಿಸಿ ಎಲ್ಲರನ್ನೂ.”

“ಹೇಗೆ ಸರ್?” ಎಂದೆ. “ತಿರುಗಿಸದೆ ಇಳಿಸೋದು ಹೇಗೆ?”

ಅವರು ಮೇಲೆ ನೋಡಿದರು. ಕೆಳಗೆ ನೋಡಿದರು. ಒಂದು ಸಲಕ್ಕೆ ನೆಲ ಮುಟ್ಟುವುದು ಒಂದೇ ತೊಟ್ಟಿಲು ಎಂಬುದು ಆ ಮನುಷ್ಯನಿಗೆ ಹೊಳೆದದ್ದು ಆಗಲೇ ಎಂದು ಆಣೆ ಮಾಡಿ ಹೇಳಬಲ್ಲೆ.

ಗಾರ್ಡುಗಳು ನನ್ನ ಕೈ ಬಿಟ್ಟರು. ಮುರುಗೇಶಪ್ಪ ಕಂಬಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಏಣಿ ಹತ್ತಿದ. ಅರವತ್ತು ದಾಟಿದ ಜೀವ. ಕಾಯ್ದ ಕಬ್ಬಿಣದ ಏಣಿ. ಅಟ್ಟಣೆಯಲ್ಲಿ ಮಂಡಿಯೂರಿ ಕೂತು, ಕಂಬಿಯನ್ನು ಬೇರಿಂಗಿಗೆ ಒತ್ತಿ, ಮರದ ತುದಿಯನ್ನು ಕಚ್ಚಿ ಕಣ್ಣು ಮುಚ್ಚಿದ. ಒಂದು ಕೈ ಮೇಲೆತ್ತಿದ.

ಬೆರಳು ಆಡಿದರೆ ಹಾಲಸ್ವಾಮಿ ಚಕ್ರವನ್ನು ಒಂದಿಷ್ಟು ತಿರುಗಿಸಬೇಕು. ಅಂಗೈ ತೋರಿಸಿದರೆ ನಿಲ್ಲಿಸಬೇಕು. ಕೆಳಗೊಂದು ತೊಟ್ಟಿಲು ಖಾಲಿಯಾದರೆ ಮುಂದಿನದು ಅದರ ಎದುರು ಬದಿಯದು. ಭಾರ ಒಂದು ಕಡೆಗೆ ವಾಲಬಾರದು.

“ಮೊದಲು ಎಂ.ಡಿ.ಯವರನ್ನ! ಒಂಬತ್ತನೇ ನಂಬರ್ ಮೊದಲು!” ಜನಾರ್ದನ ಕೂಗಿದರು. ಟೈ ಕಿತ್ತು ಬಾವುಟದಂತೆ ಬೀಸಿದರು.

ಮುರುಗೇಶಪ್ಪನ ಕಣ್ಣು ಮುಚ್ಚಿಯೇ ಇತ್ತು. ಬೇರಿಂಗಿಗೆ ವೈಸ್ ಪ್ರೆಸಿಡೆಂಟೂ ಗೊತ್ತಿಲ್ಲ, ಎಂ.ಡಿ.ಯೂ ಗೊತ್ತಿಲ್ಲ. ಗೊತ್ತಿರುವುದು ಭಾರ ಒಂದೇ.

ಐವತ್ತು ನಿಮಿಷ! ನನ್ನ ಅಂಗಿ ಪೂರ್ತಿ ಒದ್ದೆಯಾಯಿತು. ಇಳಿದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಒಂಬತ್ತನೇ ನಂಬರಿನ ಸರದಿ ಕಟ್ಟಕಡೆಗೆ ಬಂತು. ಎಂ.ಡಿ. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಇಳಿದರು. ಚಕ್ರ ಮತ್ತೊಮ್ಮೆ ಕಟಕ್ ಎಂದಿತು, ಆಮೇಲೆ ಎಷ್ಟು ಸಲ ಬಟನ್ ಒತ್ತಿದರೂ ಅಲ್ಲಾಡಲಿಲ್ಲ.

ಮುದುಕ ಇಳಿದು ಬಂದ. ತುಟಿ ಒಡೆದು ರಕ್ತ ಬಂದಿತ್ತು. ನಾನು ಅವನ ಎರಡೂ ಕೈ ಹಿಡಿದುಕೊಂಡೆ. ತಪ್ಪಾಯಿತು ಎಂದೆ. ಕೇಳಿಸಲಿಲ್ಲ ಅವನಿಗೆ. ಇನ್ನೊಂದು ಸಲ ಎಂದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ಹೊಸ ಬೇರಿಂಗ್ ಬಂತು. ಮುರುಗೇಶಪ್ಪನಿಗೆ ಶಾಲು ಬಂತು, ಹಾರ ಬಂತು. ಕೆಲಸ ಬರಲಿಲ್ಲ. ಕಂಪನಿಯ ರೂಲ್ಸ್ ಪ್ರಕಾರ ಆಪರೇಟರಿಗೆ ಎರಡೂ ಕಿವಿ ಕೇಳಬೇಕಂತೆ! ಅವನ ಕಂಬಿಯನ್ನು ಮಾತ್ರ ಇಸಿದುಕೊಂಡು, ಪಾರ್ಕಿನ ಮುಂಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ‘ಸುರಕ್ಷತೆ ನಮ್ಮ ಪರಂಪರೆ’ ಅಂತ ಕೆಳಗೆ ಬರೆಸಿದರು.

ಎರಡು ತಿಂಗಳಿಗೆ ಜನಾರ್ದನರ ಫೋನ್.

“ಜಯಪ್ಪ, ಕಳ್ಳತನ ಆಗಿದೆ. ಯಾರೋ ಗಾಜು ಒಡೆದು ರಾಡ್ ಹೊತ್ಕೊಂಡು ಹೋಗಿದಾರೆ. ಹಿಡೀಬೇಕು ನೀವು.”

“ಚಕ್ರ ಹೇಗಿದೆ ಸರ್?”

“ಅದಕ್ಕೇನು? ಫಸ್ಟ್ ಕ್ಲಾಸಾಗಿ ಓಡ್ತಿದೆ. ನನ್ನ ಕಂಪ್ಯೂಟರಲ್ಲೇ ಕಾಣುತ್ತಲ್ಲ.”

ಮರುದಿನ ಬೆಳಿಗ್ಗೆ ಏಳಕ್ಕೆ, ಪಾರ್ಕಿನ ಬಾಗಿಲು ತೆಗೆಯುವ ಮುಂಚೆ, ಹಿಂದಿನ ಬೇಲಿಯ ಹತ್ತಿರ ಹೋಗಿ ನಿಂತೆ. ಹಾಲಸ್ವಾಮಿ ಸಣ್ಣ ಗೇಟಿನ ಚಿಲಕ ತೆಗೆದು ಅತ್ತ ಇತ್ತ ನೋಡಿದ. ಮುರುಗೇಶಪ್ಪ ಒಳಗೆ ನುಸುಳಿದ. ಖಾಲಿ ಚಕ್ರ ಮೆಲ್ಲಗೆ ತಿರುಗತೊಡಗಿತು. ಮುದುಕ ಏಣಿ ಹತ್ತಿ, ಅಂಗಿಯೊಳಗಿಂದ ಕಂಬಿ ತೆಗೆದು, ಕಚ್ಚಿ ಕಣ್ಣು ಮುಚ್ಚಿದ.

ನಾನು ಕ್ಯಾಮೆರಾ ತಂದಿದ್ದೆ. ಚೀಲದಿಂದ ಹೊರಗೆ ತೆಗೆಯಲಿಲ್ಲ.

ರೂಮಿಗೆ ಬಂದು ರಿಪೋರ್ಟ್ ಬರೆದೆ. ‘ಕಳ್ಳ ಪತ್ತೆಯಾಗಿಲ್ಲ.’

ಇಷ್ಟು ವರ್ಷದಲ್ಲಿ ನಾನು ಬರೆದುಕೊಟ್ಟ ಸುಳ್ಳು ರಿಪೋರ್ಟುಗಳು ಎರಡೇ ಸ್ವಾಮಿ... ಮೊದಲನೆಯದಕ್ಕೆ ಜನಾರ್ದನ ನನ್ನ ಕೈ ಕುಲುಕಿದ್ದರು.